ಕಬ್ಬಿಣದ ಊರಿನ ಚೆಂಡಾಟ

ಕನ್ನಡ ಅಧ್ಯಾಪಕನೊಬ್ಬ ಕಾಲ್ಚೆಂಡಾಟದ ಋತುವನ್ನು ಕುರಿತು ಮುನ್ನೋಟ ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜವೇ. ಪಂಪನ ಯುದ್ಧವರ್ಣನೆಯನ್ನು ಪಾಠ ಹೇಳಿಕೊಂಡು ಸುಖವಾಗಿರಬೇಕಾದವನಿಗೆ ಈ ಉಸಾಬರಿ ಏಕೆಂದು ನನ್ನ ಸಹೋದ್ಯೋಗಿಗಳೂ ಕೇಳಿದ್ದಾರೆ. ತಪ್ಪು ಪೂರ್ತಿಯಾಗಿ ನನ್ನದಲ್ಲ. ಮೊನ್ನೆ ತರಗತಿ ಮುಗಿಸಿ ಹೊರಬರುತ್ತಿದ್ದಾಗ ನಮ್ಮೂರಿನ ಹುಡುಗನೊಬ್ಬ ಅಡ್ಡ ನಿಂತು, “ಸಾರ್, ಆ ಇಂಗ್ಲೆಂಡಿನ ಕಬ್ಬಿಣದ ಊರಿನ ತಂಡದ ಕಥೆ ವಾರಕ್ಕೊಂದು ಸಲ ಹೇಳ್ತೀರಿ. ನಮ್ಮ ತಂಡ ಈ ಸಲ ಏನಾಗುತ್ತೆ ಅಂತ ಒಂದು ಸಲ ಬರೀರಿ” ಎಂದ. ಛಂದಸ್ಸಿನ ಪಾಠದ ನಡುವೆ ಅನ್ಯವಿಷಯ ಮಾತನಾಡಿದ್ದಕ್ಕೆ ಇದು ತಕ್ಕ ಶಾಸ್ತಿ.

ನಮ್ಮೂರು ಮಲವಗೊಪ್ಪ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ದಾಟಿಹೋಗುವ ಊರು. ಒಂದು ಕಡೆ ತುಂಗೆಯ ಪಟ್ಟಣ, ಇನ್ನೊಂದು ಕಡೆ ಭದ್ರೆಯ ಪಟ್ಟಣ. ಎರಡಕ್ಕೂ ನಡುವೆ ನಾವು. ಸಕ್ಕರೆ, ಕಬ್ಬಿಣ, ಕಾಗದ ಈ ಮೂರರ ಅನ್ನವನ್ನೂ ಈ ದಾರಿಯ ಜನ ಉಂಡಿದ್ದಾರೆ. ನನ್ನ ತಂದೆಯವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಕೆಲಸ ಮಾಡುತ್ತಿದ್ದರು. ಸರದಿ ಮುಗಿದ ಮೇಲೆ ಜೊತೆಯ ಕೆಲಸಗಾರರೊಡನೆ ಒಂದು ಗಂಟೆ ಬರಿಗಾಲಿನಲ್ಲಿ ಚೆಂಡು ಒದ್ದು, ಆಮೇಲೆ ಸೈಕಲ್ಲು ಹತ್ತಿ ಊರಿಗೆ ಬರುತ್ತಿದ್ದರು. ಅಮ್ಮ ಬಿಸಿನೀರಿಟ್ಟುಕೊಂಡು ಕಾಯುತ್ತಿದ್ದದ್ದು ಬೆವರಿಗಾಗಿಯೋ ಮೊಣಕಾಲಿನ ಗಾಯಕ್ಕಾಗಿಯೋ ನನಗಿಂದಿಗೂ ಸ್ಪಷ್ಟವಿಲ್ಲ.

ಇಂಗ್ಲೆಂಡಿನಲ್ಲಿ ಆಟದ ಋತು ಆರಂಭವಾಗುವುದು ಆಗಸ್ಟಿನಲ್ಲಿ. ಆಗ ಅಲ್ಲಿಯ ಪತ್ರಿಕೆಗಳು ಪ್ರತಿಯೊಂದು ತಂಡದ ಜಾತಕ ಬರೆಯುತ್ತವೆ. ಯಾರು ಬಂದರು, ಯಾರು ಹೋದರು, ತರಬೇತುಗಾರನ ಕುರ್ಚಿ ಎಷ್ಟು ದಿನ ಉಳಿದೀತು, ಕಡೆಗೆ ಎಷ್ಟನೆಯ ಸ್ಥಾನ, ಎಲ್ಲವೂ ಅದರಲ್ಲುಂಟು. ನಮ್ಮ ಪಂಚಾಂಗದ ವರ್ಷಫಲಕ್ಕಿಂತ ಇದು ಹೆಚ್ಚು ನಿಜವಾದದ್ದನ್ನು ನಾನು ಕಂಡಿಲ್ಲ. ದೊಡ್ಡ ತಂಡಗಳ ಫಲವನ್ನು ನಾನು ಓದುವುದಿಲ್ಲ. ಹಣವಂತನ ಮನೆಯ ಮದುವೆಯ ವರದಿಯಂತೆ ಅದರಲ್ಲಿ ಕುತೂಹಲಕ್ಕೆ ಎಡೆಯಿಲ್ಲ. ಮೇಲಿನ ನಾಲ್ಕು ಶ್ರೇಣಿಗಳಲ್ಲಿರುವ 92 ತಂಡಗಳನ್ನು ಬಿಟ್ಟು, ಅವುಗಳ ಕೆಳಗಿರುವುದೆಲ್ಲವನ್ನೂ ಆ ಜನ ‘ನಾನ್‌ಲೀಗ್’ ಎನ್ನುತ್ತಾರೆ. ನನಗೆ ರುಚಿಸುವುದು ಅದು. ಹೆಸರು ಮಾತ್ರ ಸರಿಯಾದುದಲ್ಲ. ಅಲ್ಲಿಯೂ ಲೀಗುಗಳಿವೆ, ಹಳೆಯವೇ ಇವೆ. ಸದರ್ನ್ ಲೀಗು 1894ರಷ್ಟು ಹಿಂದಿನದು, ಇಸ್ತ್ಮಿಯನ್ ಲೀಗು 1905ರದು. ಆದರೂ ಬಹುಕಾಲ ಆ ಕೆಳಗಿನವರಿಗೆ ಮೇಲೇರಲು ನೇರವಾದ ಮೆಟ್ಟಿಲಿರಲಿಲ್ಲ. ಕಡೆಯ ಸ್ಥಾನದ ತಂಡಗಳನ್ನು ಉಳಿಸಿಕೊಳ್ಳಬೇಕೆ, ಹೊರಗಿನವರನ್ನು ಸೇರಿಸಿಕೊಳ್ಳಬೇಕೆ ಎಂಬುದನ್ನು ಒಳಗಿನ ತಂಡಗಳೇ ಮತ ಹಾಕಿ ತೀರ್ಮಾನಿಸುತ್ತಿದ್ದವು. ಒಳಗಿನವರು ಒಳಗಿನವರನ್ನೇ ಉಳಿಸಿಕೊಳ್ಳುತ್ತಿದ್ದುದೇ ಹೆಚ್ಚು. ಇದನ್ನು ತಿಳಿಯಲು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಗೆದ್ದವನಿಗೆ ತಾನಾಗಿಯೇ ಬಾಗಿಲು ತೆರೆಯುವ ಪದ್ಧತಿ ಬಂದದ್ದು 1987ರಲ್ಲಿ. ಅದಕ್ಕೂ ಮೊದಲು, 1977ರಲ್ಲಿ, ಮತದ ಮೂಲಕ ಒಳಬಂದ ವಿಂಬಲ್ಡನ್ ತಂಡ ಹನ್ನೊಂದೇ ವರ್ಷಗಳಲ್ಲಿ, 1988ರ ಎಫ್‌ಎ ಕಪ್ಪಿನ ಅಂತಿಮ ಪಂದ್ಯದಲ್ಲಿ, ಲಿವರ್‌ಪೂಲನ್ನು ಮಣಿಸಿತು.

ಈ ಕೆಳಗಿನ ಲೋಕದಲ್ಲಿ ನನ್ನ ತಂಡ ಸ್ಕಂಥಾರ್ಪ್ ಯುನೈಟೆಡ್. ನಾನು ಆ ಊರನ್ನು ನೋಡಿದವನಲ್ಲ, ನೋಡುವ ಸಂಭವವೂ ಇಲ್ಲ. ಆದರೆ ಅದು ಲಿಂಕನ್‌ಷೈರಿನ ಉಕ್ಕಿನ ಊರು. 1899ರಲ್ಲಿ ಹುಟ್ಟಿದ ಆ ತಂಡಕ್ಕೆ ಜನ ಇಟ್ಟ ಅಡ್ಡಹೆಸರು ‘ದಿ ಐರನ್’, ಎಂದರೆ ಬರಿಯ ‘ಕಬ್ಬಿಣ’. ಆ ಹೆಸರನ್ನು ಮೊದಲು ಓದಿದಾಗ ತಂದೆಯವರ ಕೈಯ ಸುಟ್ಟ ಕಲೆಗಳು ನೆನಪಾದವು. ಅಂದಿನಿಂದ ಅದು ನಮ್ಮ ಮನೆಯ ತಂಡವಾಯಿತು. ಸಣ್ಣ ತಂಡವೆಂದು ತಾತ್ಸಾರ ಬೇಡ. ಕೆವಿನ್ ಕೀಗನ್ ಮತ್ತು ರೇ ಕ್ಲೆಮೆನ್ಸ್ ಇಲ್ಲಿ ಆಡಿಯೇ ಲಿವರ್‌ಪೂಲಿಗೆ ಹೋದವರು. ಕ್ರಿಕೆಟ್ಟಿನ ಇಯಾನ್ ಬಾಥಂ ಕೂಡ 1980ರ ದಶಕದಲ್ಲಿ ಕೆಲವು ಪಂದ್ಯಗಳಲ್ಲಿ ಈ ತಂಡದ ಅಂಗಿ ತೊಟ್ಟು ಚೆಂಡು ಒದ್ದಿದ್ದಾನೆ. ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರೂ ಅವನೂ ಟೆಸ್ಟ್ ಪಂದ್ಯಗಳಲ್ಲಿ ಎದುರುಬದುರಾದವರು. ಎರಡು ಕಬ್ಬಿಣದ ಊರುಗಳ ನಡುವೆ ಇಂಥ ನಂಟೂ ಒಂದಿದೆಯೆಂದು ನಾನು ಸಂತೋಷಪಡುತ್ತೇನೆ, ವಾಚಕರು ನಗಬಹುದು.

1950ರಲ್ಲಿ ಮೇಲಿನ ಲೀಗು ಸೇರಿದ ಈ ತಂಡ 72 ವರ್ಷಗಳ ಬಳಿಕ, 2022ರಲ್ಲಿ, ಹೊರಬಿದ್ದಿತು. ಮರುವರ್ಷ ಇನ್ನೂ ಒಂದು ಮೆಟ್ಟಿಲು ಜಾರಿ ಆರನೆಯ ಶ್ರೇಣಿಗೆ ಇಳಿಯಿತು. ಅದೇ 2023ರಲ್ಲಿ ತಂಡ ಒಬ್ಬರ ಕೈಯಲ್ಲಿ, ಮೈದಾನ ಇನ್ನೊಬ್ಬರ ಕೈಯಲ್ಲಿ ಇತ್ತು. ತಮ್ಮ ಅಂಗಳದಲ್ಲೇ ಆಡಲು ಬಿಡುತ್ತಾರೋ ಇಲ್ಲವೋ ಎಂಬ ಸ್ಥಿತಿ ಬಂದು, ನೆರೆಯೂರಿನ ಮೈದಾನಕ್ಕೆ ಹೋಗುವ ಮಾತೂ ನಡೆಯಿತು. ಆ ವರ್ಷದ ಮುನ್ನೋಟ ಬರೆದವರು ಆಟಗಾರರ ವಿಚಾರವನ್ನು ಒಂದು ಮೂಲೆಗೆ ತಳ್ಳಿ ಜಮೀನಿನ ಪತ್ರಗಳ ವಿಚಾರವನ್ನೇ ಬರೆಯಬೇಕಾಯಿತು. ನನಗೆ ಬುದ್ಧಿ ಬಂದದ್ದು ಆಗ. ತಂಡದ ಭವಿಷ್ಯವನ್ನು ಹನ್ನೊಂದು ಜನರ ಕಾಲುಗಳಲ್ಲಿ ಹುಡುಕುವುದು ಆಮೇಲಿನ ಮಾತು; ಮೊದಲು ಅವರ ಕಾಲಡಿಯ ನೆಲ ಯಾರದೆಂದು ಕೇಳಬೇಕು. ನೆಲ ಉಳಿಯಿತು. ಆರನೆಯ ಶ್ರೇಣಿಯ ಆಟವನ್ನೂ ಸಾವಿರಾರು ಜನ ಬಂದು ನೋಡಿದರು. 2025ರ ಏಪ್ರಿಲಿನಲ್ಲಿ ಊರಿನ ಉಕ್ಕಿನ ಕುಲುಮೆಗಳು ಆರಿಹೋಗುವ ಗಂಡಾಂತರ ಬಂದಾಗ ಬ್ರಿಟಿಷ್ ಪಾರ್ಲಿಮೆಂಟು ಶನಿವಾರದ ದಿನ ಸೇರಿ ಕಾನೂನು ಮಾಡಿ, ಕಾರ್ಖಾನೆಯ ಹತೋಟಿಯನ್ನು ಸರ್ಕಾರಕ್ಕೆ ಕೊಟ್ಟಿತು. ಮರುತಿಂಗಳು ತಂಡವೂ ಅಂತಿಮ ಅರ್ಹತಾ ಪಂದ್ಯ ಗೆದ್ದು ಒಂದು ಮೆಟ್ಟಿಲು ಮೇಲೇರಿತು. ಕುಲುಮೆಗೂ ಚೆಂಡಿಗೂ ಕಾರ್ಯಕಾರಣಸಂಬಂಧ ಕಲ್ಪಿಸುವಷ್ಟು ಮುಗ್ಧ ನಾನಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬಾರದಿರಲು ಕಾರಣವಿತ್ತು. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. 1923ರಲ್ಲಿ ಅಲ್ಲಿ ಕಬ್ಬಿಣ ಹರಿಯತೊಡಗಿದಾಗ ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಕಾಡುಗಳಿಂದ ಬರುತ್ತಿತ್ತು. ಮೈಸೂರು ಸಂಸ್ಥಾನದ ಕಾರ್ಖಾನೆ, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತು, 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೈಸೇರಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಕೆಲಸಗಾರರು ಬೀದಿಗಿಳಿದು ಕುಳಿತರು. ಕಾಗದದ ಕಾರ್ಖಾನೆ ಅದಕ್ಕೂ ಮೊದಲೇ ನಿಂತಿತ್ತು. ಸಕ್ಕರೆಯದು ಇನ್ನೂ ಹಳೆಯ ಮಾತು.

ಕರ್ನಾಟಕದ ಕಾಲ್ಚೆಂಡಾಟ ಬಹುಮಟ್ಟಿಗೆ ಇಂಥ ಒಡೆಯರ ಆಶ್ರಯದಲ್ಲಿ ಬೆಳೆದದ್ದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು ಮರುವರ್ಷವೂ ಉಳಿಸಿಕೊಂಡಿತು. 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಆಡಿದ ಅಹಮದ್ ಖಾನ್ ಬೆಂಗಳೂರಿನವರು. ಮೈಸೂರು ತಂಡ ನಾಲ್ಕು ಸಲ ಸಂತೋಷ್ ಟ್ರೋಫಿಯನ್ನು ತಂದಿತು, ಕಡೆಯದು 1968-69ರಲ್ಲಿ. ಆಮೇಲೆ 54 ವರ್ಷ ಕಾದು, 2023ರ ಮಾರ್ಚಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಗೆದ್ದೆವು, ಅದೂ ದೂರದ ರಿಯಾದಿನಲ್ಲಿ. ನಡುವಿನ ಕಾಲದಲ್ಲಿ ಆಟವನ್ನು ಹೊತ್ತವು ಸೈನ್ಯದ ತಂಡಗಳು ಮತ್ತು ಐಟಿಐ, ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳು. ಎಚ್‌ಎಎಲ್ ತಂಡ 2010ರಿಂದ ಎರಡು ಋತು ಐ-ಲೀಗಿನಲ್ಲಿಯೂ ಆಡಿ 2012ರಲ್ಲಿ ಕೆಳಗಿಳಿಯಿತು. ಮರುವರ್ಷ ಹುಟ್ಟಿದ ಬೆಂಗಳೂರು ಎಫ್‌ಸಿ ತನ್ನ ಮೊದಲನೆಯ ಋತುವಿನಲ್ಲೇ ಐ-ಲೀಗನ್ನು ಗೆದ್ದಿತು. ಅದನ್ನು ಹುಟ್ಟುಹಾಕಿದ್ದು ಜೆಎಸ್‌ಡಬ್ಲ್ಯು, ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕು ಕರಗಿಸುವ ಸಂಸ್ಥೆ. ಅಲ್ಲಿಯ ಕುಲುಮೆಯ ಕಾವು ಬೆಂಗಳೂರಿನಲ್ಲಿ ತಂಡವಾಗಿ ಅರಳಿತು. ಇಲ್ಲಿಯ ಕುಲುಮೆ ತಣ್ಣಗಾದಾಗ ಸಂಜೆಯ ಆಟಕ್ಕೆ ಹನ್ನೊಂದು ಜನ ಸೇರುವುದೂ ಕಷ್ಟವಾಯಿತು.

ನಮ್ಮಲ್ಲಿಯೂ ಈಗ ಏರುವ ಮೆಟ್ಟಿಲುಗಳಿವೆ, ನಿಜ. ಎಸ್‌ಸಿ ಬೆಂಗಳೂರು 2024ರಲ್ಲಿ ಐ-ಲೀಗ್ ಎರಡನ್ನು ಗೆದ್ದು ಮೇಲಕ್ಕೆ ಹೋಯಿತು, 2025ರಲ್ಲಿ ಮತ್ತೆ ಕೆಳಗೆ ಬಂದಿತು. ಏರುವುದೂ ಇಳಿಯುವುದೂ ಇದ್ದರೆ ಆಟಕ್ಕೆ ಆರೋಗ್ಯ. ಆದರೆ ಆ ಏಣಿಯ ಕಡೆಯ ಮೆಟ್ಟಿಲು ಬೆಂಗಳೂರಿನ ನೆಲವನ್ನು ಮುಟ್ಟುತ್ತದೆಯೇ ಹೊರತು ಭದ್ರೆಯ ದಡವನ್ನು ಮುಟ್ಟಿದ್ದನ್ನು ನಾನು ಕಂಡಿಲ್ಲ. ಮೇಲಿನವರ ಸ್ಥಿತಿಯಾದರೂ ಗಟ್ಟಿಯೆ? 2025ರ ಜುಲೈನಲ್ಲಿ ಒಪ್ಪಂದದ ತಕರಾರಿನಿಂದ ದೇಶದ ಅತಿ ಮೇಲಿನ ಲೀಗೇ ತಡೆಬಿದ್ದು ನಿಂತಾಗ, ನಮ್ಮೂರಿನ ಹುಡುಗರು ಮಳೆಯಲ್ಲಿ ಕೆಸರು ಮೆತ್ತಿಕೊಂಡು ಆಡುತ್ತಲೇ ಇದ್ದರು. ಅವರಿಗೆ ಒಪ್ಪಂದವಿರಲಿಲ್ಲವಾಗಿ ತಡೆಯುವವರೂ ಇರಲಿಲ್ಲ.

ಇನ್ನು ಆ ಹುಡುಗನಿಗೆ ಕೊಟ್ಟ ಮಾತು. ನಮ್ಮ ಋತು ದೀಪಾವಳಿ ಕಳೆದು ನೆಲ ಆರಿದ ಮೇಲೆ ಮೊದಲಾಗಿ ಯುಗಾದಿಯ ಬಿಸಿಲಿಗೆ ಮುಗಿಯುತ್ತದೆ. ತಂಡಗಳಿಗೆ ಊರಿನ ಹೆಸರು ಬಿಟ್ಟು ಬೇರೆ ಹೆಸರಿಲ್ಲ. ಗೆದ್ದವರಿಗೆ ಒಂದು ಟಗರು.

ಭದ್ರಾವತಿಯ ನ್ಯೂಟೌನಿನ ಹುಡುಗರೇ ಎಂದಿನಂತೆ ಮುಂದಿರಬೇಕು. ಕಾರ್ಖಾನೆಯ ವಸತಿಗಳ ಓಣಿಗಳಲ್ಲಿ ಬೆಳೆದವರಾದ್ದರಿಂದ ಚೆಂಡನ್ನು ನೆಲ ಬಿಡದೆ ಒಬ್ಬರಿಂದೊಬ್ಬರಿಗೆ ದಾಟಿಸುವ ಹದ ಅವರಿಗೆ ಗೊತ್ತು. ಆದರೆ ವರ್ಷ ವರ್ಷವೂ ಇಬ್ಬರು ಮೂವರ ಮನೆಯವರು ಊರು ಬಿಡುತ್ತಾರೆ. ಈ ಸಲ ಹೋದವರಲ್ಲಿ ಅವರ ನಡುಗಂಬದಂತಿದ್ದವನೂ ಒಬ್ಬ. ಪೇಪರ್ ಟೌನಿನವರ ಮೈಕಟ್ಟು ಚೆನ್ನ, ಕೋಪ ಅದಕ್ಕಿಂತ ಚೆನ್ನ. ಎರಡನೆಯ ಅರ್ಧದಲ್ಲಿ ಹತ್ತು ಜನರಾಗುವುದು ಅವರ ವಾಡಿಕೆ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ತರುಣರ ತಂಡ ಎಲ್ಲರೂ ಕೂಡಿದರೆ ಯಾರನ್ನಾದರೂ ಸೋಲಿಸೀತು, ಆದರೆ ಸರದಿಯ ಕೆಲಸದಿಂದಾಗಿ ಎಲ್ಲರೂ ಕೂಡುವುದೇ ಇಲ್ಲ. ನಿದಿಗೆಯವರು ಮೂಲತಃ ಕ್ರಿಕೆಟ್ಟಿನವರು. ಚೆಂಡು ಬಂದರೆ ಕೈ ಮುಂದಾಗುತ್ತದೆ.

ನಮ್ಮ ಮಲವಗೊಪ್ಪದವರನ್ನು ಕುರಿತು ಪಕ್ಷಪಾತವಿಲ್ಲದೆ ಬರೆಯಬೇಕಾದರೆ ಮೂರನೆಯ ಸ್ಥಾನ ಎನ್ನಬೇಕು. ಎಡಗಾಲಿನ ಚತುರನೊಬ್ಬನಿದ್ದ. ಅವನು ಬಿ.ಕಾಂ. ಮುಗಿಸಿ ದಸರೆ ಕಳೆಯುತ್ತಲೇ ಬೆಂಗಳೂರಿಗೆ ಹೋದ. ಅಲ್ಲಿ ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುವ ಕೆಲಸ. ಅವನ ಸ್ಥಾನದಲ್ಲಿ ಆಡಲಿರುವವನಿಗೆ ಹದಿನಾರು ವರ್ಷ, ಓಟವಿದೆ, ತಲೆಯೆತ್ತಿ ನೋಡುವ ಅಭ್ಯಾಸವಿಲ್ಲ. ರಕ್ಷಣೆಯಲ್ಲಿರುವ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಬೈಯುತ್ತಲೇ ಗಟ್ಟಿಯಾಗಿ ನಿಲ್ಲುತ್ತಾರೆ. ಗೋಲು ಕಾಯುವವನು ಮಾತ್ರ ನಿಜವಾದ ಆಟಗಾರ. ಹೆದ್ದಾರಿಯ ಪಂಕ್ಚರ್ ಅಂಗಡಿಯಲ್ಲಿ ಕೆಲಸ, ಲಾರಿಯ ಗಾಲಿ ಎತ್ತಿ ಎತ್ತಿ ಬಲಿತ ತೋಳು. ಹೋದ ವರ್ಷ ನ್ಯೂಟೌನಿನವರ ಎರಡು ಪೆನಾಲ್ಟಿಗಳನ್ನು ತಡೆದ.

ಆದರೆ ನಾನು ಹೇಳಿದೆನಲ್ಲ, ಮೊದಲು ನೆಲವನ್ನು ನೋಡಬೇಕೆಂದು. ನಾವಾಡುವ ಬಯಲು ಖಾಸಗಿಯವರದು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಈ ಮಳೆಗಾಲದಲ್ಲಿ ಅಳತೆಯವರು ಬಂದು ಸರಪಳಿ ಎಳೆದು, ಹಳದಿ ಬಣ್ಣದ ಕಲ್ಲುಗಳನ್ನು ನೆಟ್ಟು ಹೋಗಿದ್ದಾರೆ, ಸೈಟುಗಳಾಗುತ್ತವೆಯಂತೆ. ಸಂಬಂಧಪಟ್ಟವರಿಗೊಂದು ಅರ್ಜಿ ಬರೆದುಕೊಡಿ ಎಂದು ಹುಡುಗರು ಕೇಳಿದರು. ಹಳಗನ್ನಡ ಬಲ್ಲವನು ಬರೆದ ಅರ್ಜಿಗೆ ತೂಕ ಹೆಚ್ಚೆಂದು ಅವರ ಭ್ರಮೆ. ಬರೆದುಕೊಟ್ಟೆ. ಈ ಋತು ಮುಗಿಯುವವರೆಗೆ ಆಡಿಕೊಳ್ಳಿ ಎಂಬ ಮಾತು ಬಂದಿದೆ, ಬರವಣಿಗೆಯಲ್ಲಿ ಅಲ್ಲ. ಮುಂದಿನ ಋತುವಿನ ಮುನ್ನೋಟವನ್ನು ನಾನು ಬರೆಯಲಾರೆ.

ನಿನ್ನೆ ಸಂಜೆ ಹೋಗಿ ನೋಡಿದೆ. ಹುಡುಗರು ಸುಣ್ಣ ಕಲಸಿ ಗೆರೆ ಎಳೆಯುತ್ತಿದ್ದರು. ಉತ್ತರದ ಗೋಲಿಗೆ ಎರಡು ಅಳತೆಯ ಕಲ್ಲುಗಳೇ ಕಂಬ. ಅವುಗಳ ಅಂತರ ಸ್ವಲ್ಪ ಹೆಚ್ಚಾಯಿತೆಂದು ನಿದಿಗೆಯವರ ತಕರಾರು ಈಗಾಗಲೇ ಬಂದಿದೆ, ಆದರೆ ಕಲ್ಲನ್ನು ಅಲುಗಿಸುವ ಧೈರ್ಯ ಯಾರಿಗೂ ಇಲ್ಲ. ನನ್ನ ತಂದೆಯವರ ಜೊತೆ ಕೆಲಸ ಮಾಡಿದ ಹಿರಿಯರೊಬ್ಬರು ಕೋಲೂರಿಕೊಂಡು ನಿಂತಿದ್ದರು. “ಏನು ಮೇಷ್ಟ್ರೇ, ಯಾರು ಗೆಲ್ತಾರೆ ಅಂತ ಬರೆದ್ರಿ?” ಎಂದು ಕೇಳಿದರು. ನಮ್ಮವರು ಮೂರನೆಯವರು ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಮೊದಲನೆಯ ಪಂದ್ಯ ಭಾನುವಾರ ಸಂಜೆ ನಾಲ್ಕಕ್ಕೆ, ಪೇಪರ್ ಟೌನಿನವರ ಮೇಲೆ. ಗೋಲು ಕಾಯುವವನಿಗೆ ಅಂಗಡಿಯ ಯಜಮಾನರಿಂದ ಇನ್ನೂ ರಜೆ ಸಿಕ್ಕಿಲ್ಲ.