ಗೃಹಿಣಿಯ ಹೃದಯವೂ ಸೋಯಾ ಅವರೆಯೂ

ಮನೆಯ ಯಜಮಾನರಿಗೆ ನಲವತ್ತೈದು ದಾಟಿತೆಂದರೆ ಅಡಿಗೆಮನೆಯ ಕಾನೂನೇ ಬದಲಾಗುತ್ತದೆ. ಪಲ್ಯಕ್ಕೆ ಎಣ್ಣೆ ಕಡಮೆ, ಉಪ್ಪಿನಕಾಯಿಗೆ ನಿಷೇಧ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ. ಈ ಕಾನೂನನ್ನೆಲ್ಲ ಜಾರಿಗೆ ತಂದ ಗೃಹಿಣಿ ಮಾತ್ರ, ಎಲ್ಲರ ಊಟ ಮುಗಿದ ಮೇಲೆ, ಉಳಿದುದನ್ನು ಬಡಿಸಿಕೊಂಡು ಕೂರುತ್ತಾಳೆ. ಹೃದ್ರೋಗವೆಂಬುದು ಗಂಡಸರ ಬೇನೆಯೆಂಬ ಹಳೆಯ ನಂಬಿಕೆ ಅವಳನ್ನು ನಿಶ್ಚಿಂತಳನ್ನಾಗಿ ಮಾಡಿರುತ್ತದೆ. ಆದರೆ ಜಗತ್ತಿನಲ್ಲಿ ಸ್ತ್ರೀಯರ ಮರಣಕ್ಕೆ ಅತಿ ದೊಡ್ಡ ಕಾರಣ ಹೃದಯ ಹಾಗೂ ರಕ್ತನಾಳಗಳ ರೋಗವೇ.

ಆ ನಂಬಿಕೆ ಪೂರ್ತಿ ನಿರಾಧಾರವಾದುದಲ್ಲ. ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೋಜನ್ ಎಂಬ ಹಾರ್ಮೋನು ರಕ್ತನಾಳಗಳ ಮೃದುತ್ವವನ್ನು ಕಾಪಾಡಿ, ಕೆಟ್ಟ ಕೊಲೆಸ್ಟರಾಲನ್ನು ಹತೋಟಿಯಲ್ಲಿಡಲು ನೆರವಾಗುತ್ತದೆ. ಭಾರತದ ಸ್ತ್ರೀಯರಿಗೆ ಸರಾಸರಿ 46-47ರ ಸುಮಾರಿಗೆ ಮುಟ್ಟು ನಿಲ್ಲುತ್ತದೆ. ಅದರೊಡನೆ ಈ ರಕ್ಷೆಯೂ ಸಡಿಲಗೊಳ್ಳುತ್ತದೆ. ಮುಂದಿನ ವರ್ಷಗಳಲ್ಲಿ ಕೊಲೆಸ್ಟರಾಲು ಸದ್ದಿಲ್ಲದೆ ಏರತೊಡಗುತ್ತದೆ.

ಹೋದ ಹಾರ್ಮೋನನ್ನು ಮಾತ್ರೆಯ ಮೂಲಕ ಮರಳಿ ಕೊಟ್ಟರಾಗದೇ ಎಂಬ ಪ್ರಶ್ನೆ ಸಹಜ. ಅಮೆರಿಕೆಯಲ್ಲಿ 16,608 ಸ್ತ್ರೀಯರ ಮೇಲೆ ಅಂಥದೊಂದು ಪ್ರಯೋಗ ನಡೆಯಿತು. ಲಾಭಕ್ಕಿಂತ ಅಪಾಯವೇ ಹೆಚ್ಚೆಂದು ಕಂಡುಬಂದುದರಿಂದ 2002ರಲ್ಲಿ ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಹೃದಯರಕ್ಷಣೆಗೆಂದೇ ಹಾರ್ಮೋನು ನುಂಗುವ ಆಸೆ ಅಲ್ಲಿಗೆ ಕುಸಿಯಿತು. ಆಗ ಹಲವರ ದೃಷ್ಟಿ ಸೋಯಾ ಅವರೆಯತ್ತ ಇನ್ನಷ್ಟು ಆಸೆಯಿಂದ ಹೊರಳಿತು.

ಈ ಕಾಳಿನಲ್ಲಿ ನೂರಕ್ಕೆ ಸುಮಾರು 40ರಷ್ಟು ಸಸಾರಜನಕ, 20ರಷ್ಟು ಎಣ್ಣೆ. ಇವುಗಳ ಜತೆಗೆ ಐಸೊಫ್ಲಾವೋನುಗಳೆಂಬ ದ್ರವ್ಯಗಳೂ ಉಂಟು. ರಚನೆಯಲ್ಲಿ ಅವು ಈಸ್ಟ್ರೋಜನ್ನಿನ ದೂರದ ನೆಂಟರಂತಿವೆ. ಕೆಲಸದಲ್ಲಿ ಮಾತ್ರ ಬಲು ದುರ್ಬಲ. ಜಪಾನಿನಲ್ಲಿ 1990ರಿಂದ ನಲವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹಲವು ವರ್ಷ ಗಮನಿಸಿದಾಗ, ವಾರಕ್ಕೆ ಐದು ದಿನವಾದರೂ ಸೋಯಾ ತಿನ್ನುತ್ತಿದ್ದ ಸ್ತ್ರೀಯರಲ್ಲಿ ಹೃದಯಾಘಾತ ಕಡಮೆಯಾಗಿತ್ತು. ಮುಟ್ಟು ನಿಂತವರಲ್ಲಿ ಈ ಅಂತರ ಇನ್ನೂ ಸ್ಪಷ್ಟವಾಗಿತ್ತು. ಆದರೆ ಅದು ಸೋಯಾದ ಫಲವೋ, ಅವರ ಒಟ್ಟು ಜೀವನಕ್ರಮದ ಫಲವೋ ಎಂಬುದನ್ನು ಇಂಥ ವೀಕ್ಷಣೆಯೊಂದೇ ತೀರ್ಮಾನಿಸಲಾರದು.

ಪ್ರಯೋಗಗಳ ಕಥೆಯಲ್ಲಿ ಏರಿಳಿತವಿದೆ. 1995ರಲ್ಲಿ 38 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಅಮೆರಿಕದ ವಿಜ್ಞಾನಿಗಳು, ಸೋಯಾ ಸಸಾರಜನಕದಿಂದ ಕೆಟ್ಟ ಕೊಲೆಸ್ಟರಾಲು ನೂರಕ್ಕೆ ಸುಮಾರು 13ರಷ್ಟು ಇಳಿಯುತ್ತದೆಂದು ಸಾರಿದರು. 2006ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೊಸ ಪ್ರಯೋಗಗಳನ್ನು ಪರಿಶೀಲಿಸಿದಾಗ ಆ 13, ಬರಿಯ 3ಕ್ಕೆ ಇಳಿದಿತ್ತು. ಲಾಸ್ ಏಂಜಲೀಸಿನಲ್ಲಿ ಮುಟ್ಟು ನಿಂತ 350 ಸ್ತ್ರೀಯರಲ್ಲಿ ಕೆಲವರಿಗೆ ದಿನಕ್ಕೆ 25 ಗ್ರಾಂ ಸೋಯಾ ಸಸಾರಜನಕವನ್ನೂ, ಉಳಿದವರಿಗೆ ಹಾಲಿನ ಸಸಾರಜನಕವನ್ನೂ ಕೊಟ್ಟು, ಎರಡೂವರೆ ವರ್ಷಕ್ಕೂ ಮೀರಿ ಕತ್ತಿನ ಧಮನಿಯ ದಪ್ಪವನ್ನು ಅಳೆದರು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಟ್ಟಾರೆಯಾಗಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಮುಟ್ಟು ನಿಂತು ಐದು ವರ್ಷ ತುಂಬದವರಲ್ಲಿ ಮಾತ್ರ ಧಮನಿ ನಿಧಾನವಾಗಿ ದಪ್ಪವಾಗುತ್ತಿರುವಂತೆ ತೋರಿತು. ಇದು ಸುಳಿವೇ ಹೊರತು ಸಿದ್ಧಾಂತವಲ್ಲ.

ಹಾಗಾದರೆ ಸೋಯಾ ವ್ಯರ್ಥವೇ? ಅಲ್ಲ. ಅದು ಔಷಧವಲ್ಲ, ಒಳ್ಳೆಯ ಆಹಾರ. ಅದರ ಗುಣ ಮಾತ್ರೆಯಲ್ಲಿಲ್ಲ, ತಟ್ಟೆಯಲ್ಲಿದೆ. ಸಂಜೆಯ ಕರಿದ ಬೋಂಡದ ಜಾಗದಲ್ಲಿ ಬೇಯಿಸಿದ ಕಾಳಿನ ಉಸಲಿ ಬಂದರೆ ಕೆಟ್ಟ ಕೊಬ್ಬು ಕಡಮೆಯಾಗುತ್ತದೆ, ನಾರೂ ಸಸಾರಜನಕವೂ ಹೆಚ್ಚುತ್ತವೆ. ಬೋಂಡವನ್ನೂ ತಿಂದು ಮೇಲೊಂದು ಸೋಯಾ ಮಾತ್ರೆ ನುಂಗಿದರೆ ಹೃದಯಕ್ಕೆ ಪ್ರಯೋಜನವಿಲ್ಲ.

ಕಾಳನ್ನು ರಾತ್ರಿ ನೆನೆಯಿಟ್ಟು, ಚೆನ್ನಾಗಿ ಬೇಯಿಸಿಯೇ ಬಳಸಬೇಕು. ಹಸಿ ಕಾಳು ಜೀರ್ಣಕ್ಕೆ ಅಡ್ಡಿ. ಗೋಧಿಹಿಟ್ಟಿಗೆ ಸ್ವಲ್ಪ ಸೋಯಾ ಹಿಟ್ಟನ್ನು ಬೆರೆಸಿ ಚಪಾತಿ ಮಾಡಬಹುದು. ಥೈರಾಯಿಡ್ ಮಾತ್ರೆ ಸೇವಿಸುವವರು ಮಾತ್ರೆಗೂ ಸೋಯಾಕ್ಕೂ ನಡುವೆ ಎಷ್ಟು ಹೊತ್ತು ಅಂತರವಿರಬೇಕೆಂದು ವೈದ್ಯರನ್ನು ಕೇಳುವುದು ಲೇಸು.

ಬೀದರ, ಬೆಳಗಾವಿ, ಧಾರವಾಡ ಜಿಲ್ಲೆಗಳ ಹೊಲಗಳಲ್ಲಿ ಸೋಯಾ ಅವರೆ ಬೆಳೆಯುತ್ತದೆ. ಆದರೆ ದೇಶದ ಬೆಳೆಯ ಬಹುಭಾಗ ಎಣ್ಣೆ ಗಿರಣಿ ಸೇರಿ, ಉಳಿದ ಹಿಂಡಿ ಕೋಳಿಗಳ ಮೇವಾಗುತ್ತದೆ. ಅದರಲ್ಲೊಂದು ಹಿಡಿ ಗೃಹಿಣಿಯ ತಟ್ಟೆಗೂ ಬರಲಿ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ: ಸ್ತ್ರೀಯರಲ್ಲಿ ಹೃದಯಾಘಾತ ಎದೆನೋವಿನೊಡನೆಯೇ ಬರಬೇಕೆಂದಿಲ್ಲ, ಅಕಾರಣವಾದ ಆಯಾಸ, ಏದುಸಿರು, ಬೆನ್ನು ಇಲ್ಲವೇ ದವಡೆಯ ನೋವಿನ ವೇಷದಲ್ಲಿಯೂ ಬರಬಹುದು. ‘ಕೆಲಸದ ದಣಿವು’ ಎಂದು ಅದನ್ನು ತಳ್ಳಿಹಾಕಬಾರದು. ಮುಂದಿನ ಸಲ ಯಜಮಾನರು ರಕ್ತಪರೀಕ್ಷೆಗೆ ಹೊರಟಾಗ ಗೃಹಿಣಿಯೂ ಜತೆಯಲ್ಲಿ ಹೊರಡಲಿ. ಅವರಿಗೆ ಕಾವಲಾಗಿ ಅಲ್ಲ, ತನಗಾಗಿ.