ದ್ರವತ್ವವೂ ನಿಂತ ನೀರಿನ ಒತ್ತಡವೂ

ಎಂಜಿನಿಯರಿಂಗ್ ವಿದ್ಯೆಯನ್ನು ದೇಶಭಾಷೆಗಳಲ್ಲಿಯೂ ಬೋಧಿಸಬಹುದೆಂದು ೨೦೨೧ರಲ್ಲಿ ಅನುಮತಿ ದೊರೆತಂದಿನಿಂದ, ಕೆರೆ ಕಾಲುವೆ ಅಣೆಕಟ್ಟುಗಳ ಶಾಸ್ತ್ರವನ್ನು ಅಭ್ಯಾಸಮಾಡುವ ವಿದ್ಯಾರ್ಥಿಗಳಿಗೆ ಬೇಕಾದ ಕನ್ನಡ ಪರಿಭಾಷೆಯ ಪ್ರಶ್ನೆಯು ವಿದ್ವಾಂಸರ ಮುಂದೆ ಮತ್ತೊಮ್ಮೆ ಬಂದು ನಿಂತಿದೆ. ಇಂಥ ಪ್ರಶ್ನೆ ಬಂದಾಗಲೆಲ್ಲ ಭಾಷಾವ್ಯವಸಾಯಿಗಳಾದ ನಾವು ಮಾಡುವುದೇನೆಂದರೆ, ವ್ಯುತ್ಪತ್ತಿಯನ್ನು ಶೋಧಿಸಿ, ಸಂಸ್ಕೃತದಿಂದೊಂದು ದೇಶ್ಯದಿಂದೊಂದು ಶಬ್ದವನ್ನು ಸೂಚಿಸಿ, ವಿಷಯವನ್ನು ಶಾಸ್ತ್ರಜ್ಞರ ಪಾಲಿಗೆ ಬಿಟ್ಟು ಏಳುವುದು. ಪದಾರ್ಥವನ್ನರಿಯದೆ ಪದವನ್ನು ಕೊಡುವ ಈ ಪದ್ಧತಿಯು ಸಾಧುವೆಂದು ತೋರುವುದಿಲ್ಲ. ಆದಕಾರಣ ಪ್ರಕೃತ ಲೇಖನದಲ್ಲಿ, ನಿಶ್ಚಲವಾಗಿ ನಿಂತ ನೀರು ತನ್ನನ್ನು ತಡೆದ ಗೋಡೆಯನ್ನು ಹೇಗೆ ಒತ್ತುವುದೆಂಬ ಒಂದು ವಿಷಯವನ್ನು ಮಾತ್ರ ಎತ್ತಿಕೊಂಡು, ಅಲ್ಲಿ ‘ಭಾರ’ವೆಂಬ ನಮ್ಮ ಪರಿಚಿತ ಶಬ್ದವು ಎಲ್ಲಿಯವರೆಗೆ ಒದಗುವುದು, ಎಲ್ಲಿ ದಾರಿ ತಪ್ಪಿಸುವುದು ಎಂಬುದನ್ನು ವಿಚಾರಿಸುವೆವು. ಹೀಗೆ ದಾರಿ ತಪ್ಪಿದಾಗ ಊರುಗಳೇ ಕೊಚ್ಚಿಹೋದದ್ದುಂಟು. ಅದನ್ನು ಮುಂದೆ ಹೇಳುವೆವು.

ತರ್ಕಶಾಸ್ತ್ರದಲ್ಲಿ ಪರಿಶ್ರಮವುಳ್ಳವರಿಗೆ ನೀರಿನ ಗುಣಗಳ ಮಾತು ಹೊಸದಲ್ಲ. ವೈಶೇಷಿಕಸೂತ್ರಗಳಲ್ಲಿ ಎಣಿಸಿದ ಹದಿನೇಳು ಗುಣಗಳಿಗೆ ಪ್ರಶಸ್ತಪಾದರು ಏಳನ್ನು ಕೂಡಿಸಿ ಇಪ್ಪತ್ತನಾಲ್ಕೆಂದು ವ್ಯವಸ್ಥೆಗೊಳಿಸಿದರಷ್ಟೆ. ಹಾಗೆ ಕೂಡಿಸಿದವುಗಳಲ್ಲಿ ಗುರುತ್ವ, ದ್ರವತ್ವ, ಸ್ನೇಹ ಎಂಬ ಮೂರೂ ಸೇರಿರುವುವು. ವಸ್ತುವಿನ ಮೊದಲ ಪತನಕ್ಕೆ ಕಾರಣವಾದದ್ದು ಗುರುತ್ವ; ಅದು ಪೃಥಿವಿ, ಜಲ ಇವೆರಡರಲ್ಲಿ ಮಾತ್ರ ಇರತಕ್ಕದ್ದು. ಮೊದಲ ಹರಿವಿಗೆ ಕಾರಣವಾದದ್ದು ದ್ರವತ್ವ. ಇದು ನೀರಿನಲ್ಲಿ ಸಾಂಸಿದ್ಧಿಕ, ಎಂದರೆ ಸಹಜ. ತುಪ್ಪ ಅರಗು ಮೊದಲಾದ ಪಾರ್ಥಿವವಸ್ತುಗಳಲ್ಲಿಯೂ, ತೈಜಸವೆಂದು ಗಣಿಸಲ್ಪಟ್ಟ ಚಿನ್ನದಲ್ಲಿಯೂ ಅಗ್ನಿಸಂಯೋಗದಿಂದ ಬಂದ ನೈಮಿತ್ತಿಕ. ಚಿನ್ನವನ್ನು ತೇಜಸ್ಸೆಂದ ಮಾತಿಗೆ ಇಂದಿನ ವಿದ್ಯಾರ್ಥಿಯು ನಕ್ಕಾನು. ಒಂದೇ ವಸ್ತುವು ನಿಮಿತ್ತವಶದಿಂದ ಘನವೂ ದ್ರವವೂ ಆಗುವುದೆಂಬ ವಿಭಾಗಕ್ಕೆ ನಗಲಾರನು. ಇನ್ನು ಸ್ನೇಹವು ಜಲಮಾತ್ರದಲ್ಲಿದ್ದು, ಹಿಟ್ಟು ಮೊದಲಾದ ಚೂರ್ಣಗಳು ಉಂಡೆಗಟ್ಟುವುದಕ್ಕೆ ಕಾರಣವಾಗಿರುವುದು.

ಆಧುನಿಕಶಾಸ್ತ್ರವು ದ್ರವದ ಲಕ್ಷಣವನ್ನು ಬೇರೆ ದಿಕ್ಕಿನಿಂದ ಹೇಳುವುದು. ಒಂದು ವಸ್ತುವಿನ ಪದರಗಳನ್ನು ಒಂದರ ಮೇಲೊಂದನ್ನು ಜಾರಿಸಲು ಯತ್ನಿಸಿದರೆ, ಘನವಸ್ತುವು ಸ್ವಲ್ಪ ವಕ್ರವಾಗಿ ಅಲ್ಲಿಯೇ ನಿಂತು ಪ್ರತಿಭಟಿಸುವುದು. ದ್ರವವಾದರೋ ಆ ಬಲವು ಎಷ್ಟು ಅಲ್ಪವಾಗಿದ್ದರೂ ಅದು ಇರುವವರೆಗೆ ಜಾರುತ್ತಲೇ ಇರುವುದು. ಈ ಲಕ್ಷಣವು ಗಾಳಿಗೂ ಅನ್ವಯಿಸುವುದರಿಂದ, ದ್ರವ ಅನಿಲಗಳೆರಡನ್ನೂ ಒಳಗೊಳ್ಳುವಂತೆ ‘ಪ್ರವಾಹಿ’ ಎಂಬ ಶಬ್ದವನ್ನು ಕೆಲವರು ಬಳಸುವರು, ಅದು ಯುಕ್ತವೇ. ಹರಿಯುವುದನ್ನು ನೋಡಿ ಮಾಡಿದ ಹಳೆಯ ಲಕ್ಷಣಕ್ಕಿಂತ, ತಡೆಯಲಾರದುದನ್ನು ನೋಡಿ ಮಾಡಿದ ಈ ಲಕ್ಷಣಕ್ಕೆ ಒಂದು ವಿಶೇಷ ಫಲವುಂಟು. ಹೇಗೆಂದರೆ, ದ್ರವವು ನಿಶ್ಚಲವಾಗಿರುವಾಗ ಅದರೊಳಗೆ ಜಾರಿಸುವ ಬಲವು ಲೇಶವೂ ಇರಲಾರದು; ಇದ್ದಿದ್ದರೆ ಅದು ನಿಶ್ಚಲವಾಗಿಯೇ ಇರುತ್ತಿರಲಿಲ್ಲ. ಆದ್ದರಿಂದ ನಿಂತ ನೀರು ತಾನು ಮುಟ್ಟಿದ ಯಾವುದೇ ಮೈಯನ್ನು, ಅದು ನೆಟ್ಟಗಿರಲಿ ಓರೆಯಾಗಿರಲಿ, ಲಂಬವಾಗಿಯೇ ಒತ್ತತಕ್ಕದ್ದು. ಇದರಿಂದ ಇನ್ನೊಂದು ಸಂಗತಿಯು ಸಿದ್ಧವಾಗುವುದು. ನೀರಿನೊಳಗೆ ಅತ್ಯಲ್ಪವಾದ ಮುಮ್ಮೂಲೆಯ ಬೆಣೆಯೊಂದನ್ನು ಕಲ್ಪಿಸಿಕೊಂಡು, ಅದರ ಮೂರು ಮುಖಗಳ ಮೇಲಣ ಒತ್ತುಗಳು ಸಮತೂಗಬೇಕೆಂದು ಲೆಕ್ಕವಿಟ್ಟರೆ, ಬಿಂದುವೊಂದರಲ್ಲಿ ಒತ್ತಡವು ಮೇಲೆ, ಕೆಳಗೆ, ಪಕ್ಕಕ್ಕೆ, ಓರೆಗೆ, ಎಲ್ಲ ಕಡೆಗೂ ಸಮವೆಂದು ಹೊರಡುವುದು. ಗುರುತ್ವವು ಕೆಳಕ್ಕೆ ಮಾತ್ರ ಎಳೆಯುವ ಗುಣ. ಅದನ್ನು ಎಲ್ಲ ದಿಕ್ಕುಗಳಿಗೂ ಹಂಚುವುದು ದ್ರವತ್ವ. ಎರಡು ಗುಣಗಳನ್ನೂ ಬೇರೆಬೇರೆಯಾಗಿ ಚೆನ್ನಾಗಿ ನಿರೂಪಿಸಿದ ನಮ್ಮ ಪ್ರಾಚೀನರು, ಅವೆರಡೂ ಕೂಡಿದಾಗ ಹುಟ್ಟುವ ಈ ಮೂರನೆಯದನ್ನು ಗುಣಗಳ ಪಟ್ಟಿಯಲ್ಲಿ ಸೇರಿಸಲಿಲ್ಲ. ಈ ತೆರಪನ್ನು ಮುಚ್ಚಿಟ್ಟು, ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಹೇಳುವುದರಿಂದ ಶಾಸ್ತ್ರಕ್ಕೆ ಗೌರವ ಬರುವುದಿಲ್ಲ.

ಇಲ್ಲಿ ಸ್ನೇಹಶಬ್ದದ ವಿಷಯವಾಗಿ ಒಂದು ಮಾತು. ನಮ್ಮ ವಿಜ್ಞಾನದ ಪಠ್ಯಗಳಲ್ಲಿ ‘ಸ್ನಿಗ್ಧತೆ’ಯೆಂಬುದನ್ನು, ಹರಿಯುವ ದ್ರವದ ಪದರಗಳು ಒಂದನ್ನೊಂದು ಹಿಂದಕ್ಕೆಳೆಯುವ ಗುಣಕ್ಕೆ ಬಳಸಿರುವರು. ಜೇನುತುಪ್ಪದಲ್ಲಿ ಅದು ಹೆಚ್ಚು, ನೀರಿನಲ್ಲಿ ಕಡಮೆ. ಶಾಸ್ತ್ರದ ಸ್ನೇಹವಾದರೋ ನೀರಿನಲ್ಲಿಯೇ ಮುಖ್ಯ, ಕೆಲಸ ಉಂಡೆಗಟ್ಟಿಸುವುದು. ಶಬ್ದವು ಅರ್ಥವನ್ನು ಬದಲಿಸಿಕೊಂಡಿರುವುದರಿಂದ ಸಂಸ್ಕೃತಜ್ಞನಾದ ಅಧ್ಯಾಪಕನು ಎಚ್ಚರಿಕೆಯಿಂದಿರಬೇಕು. ರೂಢಿಯಾದ ಪದವನ್ನು ಕೀಳಬೇಕೆಂದು ನಾವು ಹೇಳುವುದಿಲ್ಲ. ತಿಳಿಯಬೇಕಾದುದಿಷ್ಟೆ: ಈ ಸ್ನಿಗ್ಧತೆಯು ಚಲನೆಯಿದ್ದಾಗ ಮಾತ್ರ ಕಾಣಿಸಿಕೊಳ್ಳುವುದು. ಸಾಂದ್ರತೆಯು ಒಂದೇ ಆಗಿದ್ದರೆ, ಅಂಟಾದ ದ್ರವವೂ ತೆಳುವಾದ ದ್ರವವೂ ನಿಂತಾಗ ಗೋಡೆಯನ್ನು ಒತ್ತುವುದು ಒಂದೇ ಸಮ. ನೀರು ಅದುಮಿದರೆ ಕುಗ್ಗದೆಂಬ ಮಾತೂ ಬಹುಮಟ್ಟಿಗೆ ದಿಟ. ನೂರು ಮೀಟರ್ ಆಳದಲ್ಲಿಯೂ ಅದರ ಗಾತ್ರವು ಎರಡು ಸಾವಿರದಲ್ಲೊಂದು ಪಾಲಿನಷ್ಟು ಕೂಡ ಕುಗ್ಗುವುದಿಲ್ಲ. ಆದಕಾರಣ ಕಟ್ಟೆಗಳ ಲೆಕ್ಕದಲ್ಲಿ ಸಾಂದ್ರತೆಯನ್ನು ಸ್ಥಿರವೆಂದೇ ಹಿಡಿಯುವರು: ಒಂದು ಘನಮೀಟರ್ ನೀರಿಗೆ ಸಾವಿರ ಕಿಲೋಗ್ರಾಂ, ಎಂದರೆ ಒಂದು ಟನ್.

ಈಗ ಆಳದ ನಿಯಮವನ್ನು ನೋಡೋಣ. ನೀರಿನೊಳಗೆ ಒಂದು ಚದರಮೀಟರ್ ಅಡಿಯುಳ್ಳ ನೆಟ್ಟನೆಯ ಕಂಬವೊಂದನ್ನು ಭಾವಿಸಿದರೆ, ಪಕ್ಕದ ಒತ್ತುಗಳು ಅಡ್ಡಲಾಗಿರುವುದರಿಂದ ಅವು ಅದನ್ನು ಎತ್ತಿ ಹಿಡಿಯಲಾರವು. ಅದರ ಭಾರವನ್ನೆಲ್ಲ ಅಡಿಯ ಒತ್ತಡವೇ ಹೊರಬೇಕು. ಹೀಗಾಗಿ ಒಂದೊಂದು ಮೀಟರ್ ಆಳಕ್ಕೆ ಚದರಮೀಟರಿಗೆ ಒಂದೊಂದು ಟನ್ನಿನಂತೆ ಒತ್ತಡವು ಏರುವುದು. ೧೯೭೧ರಲ್ಲಿ ‘ಪ್ಯಾಸ್ಕಲ್’ ಎಂದು ಹೆಸರಿಟ್ಟ ಅಂತರರಾಷ್ಟ್ರೀಯ ಮಾನದಲ್ಲಿ ಹೇಳುವುದಾದರೆ ಮೀಟರಿಗೆ ೯,೮೧೦ ಪ್ಯಾಸ್ಕಲ್. ಇಷ್ಟರಮಟ್ಟಿಗೆ ‘ಭಾರ’ವೆಂಬ ಮಾತು ನಮಗೆ ಸಹಾಯಕವೇ. ಆದರೆ ಮೇಲೆ ನೀರಿನ ಕಂಬವೇ ಇಲ್ಲದ ಎಡೆಯಲ್ಲಿ ಏನಾಗುವುದು?

ಒಂದು ಚದರಮೀಟರ್ ತಳ, ಹತ್ತು ಸೆಂಟಿಮೀಟರ್ ಎತ್ತರವುಳ್ಳ ಮುಚ್ಚಿದ ಪೆಟ್ಟಿಗೆಯೊಂದಿರಲಿ. ಅದರ ಮುಚ್ಚಳದ ಮೇಲೆ ಒಂದು ಚದರಸೆಂಟಿಮೀಟರ್ ರಂಧ್ರದ, ತೊಂಬತ್ತು ಸೆಂಟಿಮೀಟರ್ ಉದ್ದದ ಕೊಳವೆಯೊಂದನ್ನು ನಿಲ್ಲಿಸೋಣ. ಪೆಟ್ಟಿಗೆ ತುಂಬಲು ನೂರು ಕಿಲೋಗ್ರಾಂ ನೀರು ಬೇಕು. ಕೊಳವೆ ತುಂಬಲು ತೊಂಬತ್ತು ಗ್ರಾಂ, ಎಂದರೆ ಒಂದು ಲೋಟಕ್ಕಿಂತ ಕಡಮೆ. ಈ ಲೋಟದ ನೀರನ್ನು ಹೊಯ್ದೊಡನೆ ತಳದ ಆಳವು ಒಂದು ಮೀಟರ್ ಆಗಿ, ತಳದ ಮೇಲೆ ಬೀಳುವ ಒತ್ತು ಸಾವಿರ ಕಿಲೋಗ್ರಾಂ ಆಗುವುದು. ಒಳಗಿರುವ ನೀರಿನ ತೂಕವೇ ನೂರು ಕಿಲೋ ಚಿಲ್ಲರೆಯಾಗಿರಲು, ಸಾವಿರವು ಎಲ್ಲಿಂದ ಬಂದಿತು? ಸಮಾಧಾನವು ಮುಚ್ಚಳದಲ್ಲಿರುವುದು. ಮುಚ್ಚಳದ ಕೆಳಮೈಯು ತೊಂಬತ್ತು ಸೆಂಟಿಮೀಟರ್ ಆಳದಲ್ಲಿದ್ದು, ಅದನ್ನು ನೀರು ೮೯೯.೯೧ ಕಿಲೋಗ್ರಾಂನಷ್ಟು ಮೇಲಕ್ಕೆ ಒತ್ತುತ್ತಿರುವುದು. ಕೆಳಗೊತ್ತಿನಲ್ಲಿ ಈ ಮೇಲೊತ್ತನ್ನು ಕಳೆದರೆ ೧೦೦.೦೯ ಉಳಿಯುವುದು; ತಕ್ಕಡಿಯಲ್ಲಿಟ್ಟು ತೂಗಿದರೂ ಪೆಟ್ಟಿಗೆಯೊಳಗಣ ನೀರು ಅಷ್ಟೇ ತೂಗುವುದು. ಮುಚ್ಚಳವನ್ನು ಬಿಗಿಯಾಗಿ ಜಡಿಯದಿದ್ದರೆ ಮಾತ್ರ, ಆ ಒಂದು ಲೋಟದ ನೀರೇ ಅದನ್ನು ಕಿತ್ತೆಸೆಯುವುದು. ವಾಚಕರು ಈ ಮುಚ್ಚಳವನ್ನು ನೆನಪಿನಲ್ಲಿಟ್ಟಿರಬೇಕು.

ಇದನ್ನು ಯೂರೋಪಿನಲ್ಲಿ ಸ್ಪಷ್ಟವಾಗಿ ಸಾಧಿಸಿದವನು ಬ್ರೂಗ್ ನಗರದಲ್ಲಿ ಹುಟ್ಟಿದ ಸೈಮನ್ ಸ್ಟೆವಿನ್. ಅವನ ಗ್ರಂಥವು ೧೫೮೬ರಲ್ಲಿ ಹೊರಟಿತು. ಸಾಹಿತ್ಯಾಧ್ಯಾಪಕರಿಗೆ ಇವನ ವೃತ್ತಾಂತವು ಇನ್ನೊಂದು ಕಾರಣದಿಂದ ಸ್ವಾರಸ್ಯವುಳ್ಳದ್ದು. ವಿದ್ವಾಂಸರೆಲ್ಲರೂ ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದ ಆ ಕಾಲದಲ್ಲಿ ಇವನು ಹಟಹಿಡಿದು ತನ್ನ ದೇಶಭಾಷೆಯಾದ ಡಚ್ಚಿನಲ್ಲಿ ಬರೆದನು. ಶಾಸ್ತ್ರಕ್ಕೆ ಆ ಭಾಷೆಯೇ ಯೋಗ್ಯವೆಂದು ವಾದಿಸಿ, ಅದೇ ವರ್ಷದ ತನ್ನ ತುಲಾಶಾಸ್ತ್ರದ ಗ್ರಂಥಕ್ಕೆ ಪೀಠಿಕೆಯನ್ನೇ ರಚಿಸಿದನು. ಗಣಿತಕ್ಕೆ ಅವನು ರೂಢಿಸಿದ ‘ವಿಸ್ಕುಂಡೆ’ಯೆಂಬ ದೇಶ್ಯಪದವು ಇಂದಿಗೂ ಆ ನಾಡಿನಲ್ಲಿ ನಡೆಯುತ್ತಿದೆ. ೧೬೦೦ರಲ್ಲಿ ಲೈಡನ್ ನಗರದಲ್ಲಿ ಎಂಜಿನಿಯರುಗಳಿಗಾಗಿ ಡಚ್ ಭಾಷೆಯಲ್ಲಿಯೇ ಪಾಠಹೇಳುವ ಶಾಲೆ ಏರ್ಪಟ್ಟಾಗ ಅದರ ಪಾಠಕ್ರಮವನ್ನು ಗೊತ್ತುಮಾಡಿದವನೂ ಇವನೇ. ಇಷ್ಟು ಶಬ್ದಜಾಗ್ರತೆಯುಳ್ಳವನು ಕೂಡ ನೀರಿನ ಗ್ರಂಥಕ್ಕೆ ಇಟ್ಟ ಹೆಸರಿನ ಅರ್ಥ ‘ನೀರುತೂಕದ ಮೂಲತತ್ತ್ವಗಳು’ ಎಂದು! ತೂಕದಿಂದ ನೀರಿನ ಒತ್ತನ್ನು ಅಳೆಯಲಾಗದೆಂಬುದನ್ನು ತೋರಿಸಿದ ಗ್ರಂಥದ ಹಣೆಯ ಮೇಲೆಯೇ ತೂಕಶಬ್ದವು ಕುಳಿತಿದೆ. ಹಳೆಯ ಮಾತಿನ ಹಿಡಿತವು ಅಂಥದು. ತರುವಾಯ ಫ್ರಾನ್ಸಿನ ಪ್ಯಾಸ್ಕಲನು ಇದನ್ನು ವಿಸ್ತರಿಸಿದನು. ಅವನ ಗ್ರಂಥವು ಅವನು ತೀರಿಕೊಂಡಮೇಲೆ ೧೬೬೩ರಲ್ಲಿ ಅಚ್ಚಾಯಿತು.

ಮೇಲ್ಕಂಡ ನಿಯಮದಿಂದ ಹೊರಡುವ ಫಲವನ್ನು ಹೊಸಬರು ಬೇಗ ನಂಬುವುದಿಲ್ಲ. ಗೋಡೆಯ ಹಿಂದೆ ನೀರು ಎಷ್ಟು ದೂರ ಹರಡಿದೆಯೆಂಬುದು ಗೋಡೆಗೆ ಲೆಕ್ಕವಿಲ್ಲ. ಎಷ್ಟು ಆಳವೆಂಬುದೊಂದೇ ಲೆಕ್ಕ. ಕೃಷ್ಣರಾಜಸಾಗರದ ಪೂರ್ಣಮಟ್ಟವು ೧೨೪.೮೦ ಅಡಿ, ಎಂದರೆ ಸುಮಾರು ೩೮ ಮೀಟರ್. ಜಲಾಶಯವು ತುಂಬಿದಾಗ ಅಳತೆಪಟ್ಟಿಯ ಸೊನ್ನೆಯ ಮಟ್ಟದಲ್ಲಿ ಕಟ್ಟೆಯ ಮೇಲೆ ಚದರಮೀಟರಿಗೆ ಸುಮಾರು ೩೮ ಟನ್ ಒತ್ತಡವಿರುವುದು. ಕಟ್ಟೆಯ ಹಿಂದೆ ಒಂದು ಮಾರು ಬಿಟ್ಟು ಮತ್ತೊಂದು ಗೋಡೆಯನ್ನೆಬ್ಬಿಸಿ, ನಡುವಣ ಇರುಕಿನಲ್ಲಿ ಮಾತ್ರ ಅದೇ ಮಟ್ಟದವರೆಗೆ ನೀರು ತುಂಬಿದರೂ ಒತ್ತಡವು ಎಳ್ಳಷ್ಟೂ ಇಳಿಯುವುದಿಲ್ಲ. ಮಳೆಗಾಲದಲ್ಲಿ ವೃತ್ತಪತ್ರಿಕೆಗಳು ಜಲಾಶಯದ ಮಟ್ಟವನ್ನು ಅಡಿಗಳಲ್ಲಿಯೂ ಸಂಗ್ರಹವನ್ನು ಟಿ.ಎಂ.ಸಿ.ಯಲ್ಲಿಯೂ ಅಚ್ಚುಹಾಕುವುವಷ್ಟೆ, ಎರಡನೆಯದು ರೈತನ ಅಂಕೆ, ಮೊದಲನೆಯದು ಕಟ್ಟೆಯ ಅಂಕೆ.

ಒತ್ತಡವು ಬೇರೆ, ಒಟ್ಟು ಒತ್ತುಬಲವು ಬೇರೆ ಎಂಬುದನ್ನೂ ವಿದ್ಯಾರ್ಥಿಯು ಮೊದಲೇ ವಿಂಗಡಿಸಿಕೊಳ್ಳಬೇಕು. ಒತ್ತಡವೆಂಬುದು ಚದರಮೀಟರೊಂದಕ್ಕೆ ಎಷ್ಟೆಂಬ ಪ್ರಮಾಣ. ಅದನ್ನು ಮೈಯ ವಿಸ್ತಾರದಿಂದ ಗುಣಿಸಿದರೆ ಒತ್ತುಬಲ. ಕೆರೆಯ ತೂಬಿನಲ್ಲಿ ಐದು ಮೀಟರ್ ಆಳದಲ್ಲಿ, ಹದಿನೈದು ಸೆಂಟಿಮೀಟರ್ ಅಡ್ಡಳತೆಯ ದುಂಡು ಕಂಡಿಯನ್ನು ಬೆಣೆಯಿಂದ ಮುಚ್ಚಿದ್ದರೆ, ಒತ್ತಡವು ಚದರಮೀಟರಿಗೆ ಐದು ಟನ್ನಾದರೂ ಬೆಣೆಯ ಮೇಲಣ ಬಲವು ೮೮ ಕಿಲೋಗ್ರಾಂ ಮಾತ್ರ. ಅದನ್ನು ಮೊದಲ ಸಾರಿ ಅಲುಗಿಸುವುದೇ ಕಷ್ಟ. ಸಡಿಲಿದಮೇಲೆ ಅಡಿಗೂ ನೀರು ನುಗ್ಗಿ ಬಲವು ಇಳಿಯುವುದು.

ನೆಟ್ಟನೆಯ ಗೋಡೆಯ ಮೇಲೆ ಒತ್ತಡವು ನೀರಿನ ಮೇಲ್ಮಟ್ಟದಲ್ಲಿ ಸೊನ್ನೆಯಾಗಿದ್ದು ಅಡಿಯವರೆಗೆ ಸಮವಾಗಿ ಏರುವುದರಿಂದ, ಅದರ ಚಿತ್ರವು ತ್ರಿಕೋನ. ಗೋಡೆಯ ಒಂದು ಮೀಟರ್ ಉದ್ದಕ್ಕೆ ಬೀಳುವ ಒಟ್ಟು ಬಲವು ಆಳದ ವರ್ಗದ ಅರ್ಧ. ಅದು ಅಡಿಯಿಂದ ಮೂರನೆಯ ಒಂದು ಪಾಲಿನ ಎತ್ತರದಲ್ಲಿ ನೆಲೆಸುವುದು. ಹತ್ತು ಮೀಟರ್ ಆಳಕ್ಕೆ ಬಲವು ೫೦ ಟನ್, ಅಡಿಯ ಸುತ್ತ ಗೋಡೆಯನ್ನು ಉರುಳಿಸುವ ಅದರ ಸಾಮರ್ಥ್ಯವು ಸುಮಾರು ೧೬೭ ಟನ್-ಮೀಟರ್. ಇಪ್ಪತ್ತು ಮೀಟರಿಗೆ ಬಲವು ೨೦೦ ಟನ್, ಉರುಳಿಸುವ ಸಾಮರ್ಥ್ಯವು ೧,೩೩೩. ಆಳವು ಇಮ್ಮಡಿಸಿದರೆ ದೂಡುವ ಬಲ ನಾಲ್ಮಡಿ, ಉರುಳಿಸುವುದು ಎಂಟುಮಡಿ. ಕಟ್ಟೆಗಳನ್ನು ತಲೆಯಲ್ಲಿ ಕಿರಿದಾಗಿಯೂ ಬುಡದಲ್ಲಿ ಹಿರಿದಾಗಿಯೂ ಕಟ್ಟುವುದು ಈ ಕಾರಣದಿಂದ.

ಇಷ್ಟು ಲೆಕ್ಕವು ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳಿಗೆ ಚೆನ್ನಾಗಿಯೇ ಗೊತ್ತಿತ್ತು. ಅವರಲ್ಲಿ ಬಹುಮಂದಿ ಗಣಿಸದೆ ಬಿಟ್ಟದ್ದು ಮೇಲೊತ್ತನ್ನು, ನಮ್ಮ ಪೆಟ್ಟಿಗೆಯ ಮುಚ್ಚಳವನ್ನು. ನೀರು ಗೋಡೆಯ ಮುಖವನ್ನು ಪಕ್ಕಕ್ಕೆ ದೂಡುವುದು, ಗೋಡೆಯು ತನ್ನ ಭಾರದಿಂದ ನಿಲ್ಲುವುದು, ಎಂಬ ಎರಡು ಮಾತಿನಲ್ಲಿ ಲೆಕ್ಕ ಮುಗಿಯುತ್ತಿತ್ತು. ಆದರೆ ಗೋಡೆಯ ಒಡಲಿನಲ್ಲಿಯೋ ಅಸ್ತಿವಾರದಲ್ಲಿಯೋ ಕೂದಲೆಳೆಯಷ್ಟು ಬಿರುಕಿದ್ದು ಅದರೊಳಗೆ ನೀರು ಸೇರಿದರೆ, ಆ ತೆಳುವಾದ ನೀರಿನ ಹಾಳೆಯು ಆಳಕ್ಕೆ ತಕ್ಕ ಪೂರ್ಣ ಒತ್ತಡದಿಂದ ಮೇಲಿನ ಗೋಡೆಯನ್ನು ಎತ್ತತೊಡಗುವುದು. ಕಲ್ಲುಗಾರೆಯು ನೀರಿನ ೨.೪ ಪಾಲು ತೂಗುವುದೆಂದಿಟ್ಟುಕೊಂಡರೆ, ಬಿರುಕಿನ ಬಾಯಲ್ಲಿ ಅದು ೧.೪ ಪಾಲಿನಷ್ಟೇ ಭಾರವಾಗಿ ಕೂರುವುದು. ಬಿರುಕಿನಲ್ಲಿರುವ ನೀರನ್ನೆಲ್ಲ ಹಿಂಡಿದರೆ ಕೆಲವು ಕೊಡಗಳಾಗಬಹುದು. ‘ಭಾರ’ವೆಂಬ ಮಾತಿನಲ್ಲಿ ಯೋಚಿಸುವವನಿಗೆ ಅದು ಲಕ್ಷ್ಯಕ್ಕೇ ಬಾರದು.

ಫ್ರಾನ್ಸಿನ ಎಪಿನಾಲ್ ನಗರದ ಸಮೀಪದಲ್ಲಿದ್ದ ಬೂಜೆ ಕಟ್ಟೆಗೆ ಹೀಗಾಯಿತು. ೧೮೮೪ರಲ್ಲಿ ಅದರ ಒಂದು ಭಾಗವು ಬುಡದಲ್ಲಿ ಜಾರಿ ಮುಂದಕ್ಕೆ ಬಾಗಿತು. ಬುಡವನ್ನು ಬಲಪಡಿಸಿ ನೀರು ತುಂಬಿದರು. ೧೮೯೫ನೆಯ ಏಪ್ರಿಲ್ ೨೭ರಂದು ಕಟ್ಟೆಯ ಮೇಲ್ಭಾಗವು ಅಡ್ಡಲಾಗಿ ಸೀಳಿ ಉರುಳಿಬಿದ್ದಿತು. ಎಂಬತ್ತಕ್ಕೂ ಹೆಚ್ಚು ಮಂದಿ ಪ್ರವಾಹದಲ್ಲಿ ಸತ್ತರು. ಮೇಲ್ಭಾಗವು ತೆಳುವಾಗಿದ್ದುದರಿಂದ ನೀರಿನ ಕಡೆಯ ಮುಖದಲ್ಲಿ ಕಟ್ಟಡವು ಬಿರಿದು, ಬಿರುಕಿನೊಳಗೆ ಸೇರಿದ ನೀರು ಅದನ್ನು ಎತ್ತಿತು. ಆಮೇಲೆ ಮಾರಿಸ್ ಲೆವಿ ಎಂಬ ಗಣಿತಜ್ಞನು ಒಂದು ನಿಯಮವನ್ನು ಹೇಳಿದನು: ನೀರಿನ ಕಡೆಯ ಮುಖದ ಯಾವ ಬಿಂದುವಿನಲ್ಲಿಯೂ ಗೋಡೆಯೊಳಗಣ ಅದುಮು, ಅದೇ ಮಟ್ಟದ ನೀರಿನ ಒತ್ತಡಕ್ಕಿಂತ ಕಡಮೆಯಾಗಕೂಡದು. ಹಾಗಿದ್ದಲ್ಲಿ ನೀರು ಬಿರುಕನ್ನು ಬಿಡಿಸಲಾರದು. ಬೂಜೆಯ ತರುವಾಯ ಮೇಲೊತ್ತು ಲೆಕ್ಕದ ಪುಸ್ತಕಗಳಲ್ಲಿ ಕ್ರಮೇಣ ಸೇರಿತು. ಈಗ ದೊಡ್ಡ ಕಟ್ಟೆಗಳ ಅಡಿಯ ಬಂಡೆಗೆ ಸಿಮೆಂಟ್ ಹಾಲನ್ನು ತುಂಬಿ ಸೀಳುಗಳನ್ನು ಮುಚ್ಚುವರು. ಅದರ ಹಿಂದೆ ಸಾಲಾಗಿ ರಂಧ್ರಗಳನ್ನು ಕೊರೆದು, ಒಸರಿದ ನೀರನ್ನು ಕಟ್ಟೆಯೊಳಗಣ ಸುರಂಗಕ್ಕೆ ಹರಿಯಬಿಡುವರು. ಹರಿದುಹೋದ ನೀರು ಒತ್ತಲಾರದು. ಅಂಥ ಸುರಂಗದ ಕಾಲುವೆಯಲ್ಲಿ ನೀರು ತೊಟ್ಟಿಕ್ಕುವುದನ್ನು ನೋಡಿ ಕಟ್ಟೆ ಸೋರುತ್ತಿದೆಯೆಂದು ಸಾಮಾನ್ಯರು ಹೆದರುವರು. ತಿಳಿದವರು ಹೆದರುವುದು ಆ ತೊಟ್ಟು ಕಾರಣವಿಲ್ಲದೆ ನಿಂತಾಗ.

ಪರಿಭಾಷೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವಿಷ್ಟು. ‘ಒತ್ತಡ’ವು ಶಾಲಾಪಠ್ಯಗಳಲ್ಲಿ ನೆಲೆಗೊಂಡಿರುವುದರಿಂದ ಅದನ್ನೇ ಪ್ರಮಾಣಕ್ಕೆ ಮೀಸಲಿಡಬೇಕು, ಒಟ್ಟು ಮೊತ್ತಕ್ಕೆ ‘ಒತ್ತುಬಲ’, ‘ಜಲಭಾರ’ವನ್ನು ನೀರಿನ ತೂಕಕ್ಕಲ್ಲದೆ ಬೇರೆಲ್ಲಿಯೂ ಬಳಸಲಾಗದು. ಕೆಳಗಿನಿಂದ ಎತ್ತುವ ಬಲಕ್ಕೆ ಸಂಸ್ಕೃತದಿಂದ ‘ಉತ್ಪೀಡನ’ವೆಂದು ಸೂಚಿಸುವವರಿರಬಹುದು, ಧಾತ್ವರ್ಥವು ಸರಿಯಾದರೂ, ಆ ಶಬ್ದವು ಈಗ ಹಿಂಸೆಯ ಅರ್ಥದಲ್ಲಿ ರೂಢವಾಗಿರುವುದರಿಂದ ವಿದ್ಯಾರ್ಥಿಯ ಮನಸ್ಸು ನ್ಯಾಯಾಲಯದ ಕಡೆಗೆ ಹೋದೀತು. ‘ಮೇಲೊತ್ತು’ ಎಂಬ ದೇಶ್ಯಪದವು ಸಾಕು. ಅದು ದಿಕ್ಕನ್ನೂ ಹೇಳುವುದು, ಕ್ರಿಯೆಯನ್ನೂ ಹೇಳುವುದು. ಕಟ್ಟಡದ ಕೆಲಸದವನಿಗೂ ಒಂದೇ ಸಾರಿಗೆ ತಿಳಿಯುವುದು.