ಧಾರೆ ಸೀರೆಯ ಬಣ್ಣ ಎಲ್ಲಿ ಹೋಯಿತು?

ಲೈಟ್‌ರೂಮ್‌ನಲ್ಲಿ ಮೊದಲ ಸಲ ರಾ ಫೋಟೊ ತೆರೆದ ಯಾರನ್ನೇ ಕೇಳಿ, ದೂರು ಒಂದೇ. ‘ಕ್ಯಾಮೆರಾ ಸ್ಕ್ರೀನ್‌ನಲ್ಲಿ ಸಖತ್ತಾಗಿತ್ತು. ಲ್ಯಾಪ್‌ಟಾಪ್‌ಗೆ ಹಾಕಿದ ಮೇಲೂ ಎರಡು ಸೆಕೆಂಡ್ ಹಾಗೇ ಇತ್ತು. ಆಮೇಲೆ ಕಣ್ಣೆದುರೇ ಸಪ್ಪೆ ಆಗಿಬಿಡ್ತು!’ ಮೆಮೊರಿ ಕಾರ್ಡ್ ಹಾಳಾಗಿದೆ ಅಂದುಕೊಂಡು ಹೊಸದು ಕೊಂಡವರನ್ನೂ ನಾನು ನೋಡಿದ್ದೇನೆ. ಪಾಪ, ಕಾರ್ಡ್‌ನದು ಏನೂ ತಪ್ಪಿಲ್ಲ.

ರಾಜಾಜಿನಗರದಿಂದ ಕೆಂಗೇರಿವರೆಗಿನ ನಮ್ಮ ಕಡೆ ಮದುವೆ ಫೋಟೊ ಎಡಿಟಿಂಗನ್ನು ಪಾರ್ಟ್‌ಟೈಮ್ ಕೆಲಸವಾಗಿ ಮಾಡುವ ವಿದ್ಯಾರ್ಥಿಗಳಿದ್ದಾರೆ. ಡಿಗ್ರಿ ಮುಗಿಸಿ, ಇಂಟರ್‌ವ್ಯೂಗಳ ನಡುವೆ ಖರ್ಚಿಗೆ ದಾರಿ ಮಾಡಿಕೊಂಡವರಿದ್ದಾರೆ. ನಾನೂ ಅವರಲ್ಲೊಬ್ಬಳು. ಸ್ಟುಡಿಯೊದವರು ಹಾರ್ಡ್‌ಡಿಸ್ಕ್ ಕೊಡುತ್ತಾರೆ, ನಾವು ಮನೆಯಲ್ಲಿ ಕೂತು ಬಣ್ಣ ತಿದ್ದಿ ವಾಪಸ್ ಕೊಡುತ್ತೇವೆ. ಪ್ರಿಸೆಟ್ ಹಾಕುವುದು, ಹಿನ್ನೆಲೆ ಮಬ್ಬು ಮಾಡುವುದು ಇವೆಲ್ಲ ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಕಲರ್ ಪ್ರೊಫೈಲ್ ಬಗ್ಗೆ ಕೂರಿಸಿಕೊಂಡು ಹೇಳಿಕೊಡುವವರು ಕಡಿಮೆ. ಕೈಯಿಂದ ದುಡ್ಡು ಹೋಗುವುದು ಮಾತ್ರ ಅಲ್ಲೇ.

ಮೊದಲು ಆ ಸಪ್ಪೆ ಫೋಟೊದ ಕಥೆ. ರಾ ಫೈಲ್ ಇನ್ನೂ ಫೋಟೊ ಆಗಿರುವುದಿಲ್ಲ. ಸೆನ್ಸರ್‌ನ ಒಂದೊಂದು ಪಿಕ್ಸೆಲ್‌ಗೂ ಗೊತ್ತಾಗುವುದು ಬೆಳಕು ಎಷ್ಟು ಬಿತ್ತು ಅನ್ನುವುದಷ್ಟೇ. ಅದರ ಮೇಲೆ ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳನ್ನು ಚೌಕಾಬಾರದ ಮನೆಗಳಂತೆ ಜೋಡಿಸಿರುತ್ತಾರೆ. ಅದರಲ್ಲಿ ಅರ್ಧ ಹಸಿರೇ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಪಡೆದರು. ನಿಮ್ಮ ಜೇಬಿನಲ್ಲಿರುವ ಫೋನೂ ಸೇರಿ ಬಹುತೇಕ ಕ್ಯಾಮೆರಾಗಳು ಇವತ್ತಿಗೂ ನಡೆಯುವುದು ಇದರ ಮೇಲೇ. ಪ್ರತಿ ಪಿಕ್ಸೆಲ್‌ಗೆ ತಿಳಿದಿರುವುದು ಒಂದೇ ಬಣ್ಣ; ಉಳಿದೆರಡನ್ನು ಸಾಫ್ಟ್‌ವೇರ್ ಅಕ್ಕಪಕ್ಕ ನೋಡಿ ಲೆಕ್ಕ ಹಾಕುತ್ತದೆ. ಒಂದು ಕಂಪನಿಯ ಕೆಂಪು ಫಿಲ್ಟರ್ ಇನ್ನೊಂದರ ಹಾಗೆ ಇರುವುದಿಲ್ಲವಾದ್ದರಿಂದ ಪ್ರತಿ ಮಾಡೆಲ್‌ಗೂ ಬೇರೆ ಬೇರೆ ಲೆಕ್ಕ ಬೇಕು. ಅದೇ ಕ್ಯಾಮೆರಾ ಪ್ರೊಫೈಲ್.

ಕ್ಯಾಮೆರಾದ ಹಿಂದೆ ನಾವು ನೋಡಿ ಖುಷಿಪಡುವುದು ರಾ ಅಲ್ಲ, ಅದರ ಹೊಟ್ಟೆಯೊಳಗೆ ಕಂಪನಿಯವರು ತಮ್ಮ ರುಚಿಗೆ ಮಾಡಿಟ್ಟ ಒಂದು ಜೆಪೆಗ್. ಲೈಟ್‌ರೂಮ್ ಮೊದಲು ಅದನ್ನು ತೋರಿಸಿ, ಆಮೇಲೆ ತನ್ನದೇ ಲೆಕ್ಕದ ಚಿತ್ರ ಹಾಕುತ್ತದೆ. 2018ರಿಂದ ಅದರ ಡಿಫಾಲ್ಟ್ ‘ಅಡೋಬ್ ಕಲರ್’. ಅದೇ ಅಕ್ಕಿ, ಅದೇ ಬೇಳೆ ಇದ್ದರೂ ಎರಡು ಮನೆಯ ಬಿಸಿಬೇಳೆಬಾತ್ ಒಂದೇ ಥರ ಇರುತ್ತದೆಯೇ? ಕ್ಯಾಮೆರಾದ ರುಚಿಯೇ ಬೇಕೆಂದರೆ ಪ್ರೊಫೈಲ್ ಪಟ್ಟಿಯಲ್ಲಿ ‘ಕ್ಯಾಮೆರಾ ಮ್ಯಾಚಿಂಗ್’ ಅಂತ ಇರುತ್ತದೆ, ಅದನ್ನು ಆರಿಸಿ. ಹೆಚ್ಚುಕಡಿಮೆ ಮೊದಲಿನ ಹಾಗೇ ಬರುತ್ತದೆ.

ಈ ‘ರುಚಿ’ ಯಾರದು ಅನ್ನುವುದೂ ಸಣ್ಣ ವಿಷಯವಲ್ಲ. ಫಿಲ್ಮ್ ಕಾಲದಲ್ಲಿ ಪ್ರಿಂಟಿನ ಬಣ್ಣ ಹೊಂದಿಸಿಕೊಳ್ಳಲೆಂದು ಕೊಡಾಕ್ ಲ್ಯಾಬ್‌ಗಳಿಗೆ ಕೊಡುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ಬಹುಕಾಲ ಇದ್ದದ್ದು ಬಿಳಿ ಹೆಂಗಸಿನ ಮುಖ. ನಮ್ಮಲ್ಲಿ ಇವತ್ತಿಗೂ ‘ಹುಡುಗಿ ಮುಖ ಸ್ವಲ್ಪ ಬೆಳ್ಳಗೆ ಮಾಡಿ’ ಅನ್ನುವ ಸೂಚನೆ ಹಾರ್ಡ್‌ಡಿಸ್ಕ್ ಜೊತೆಗೇ ಬರುತ್ತದೆ. ಇದಕ್ಕೆ ಯಾವ ಪ್ರೊಫೈಲೂ ಹೊಣೆಯಲ್ಲ ಬಿಡಿ.

ಇಷ್ಟಾದರೆ ಕಣ್ಣಿಗೆ ಕಾಣುವ ತೊಂದರೆ. ಕಾಣದೇ ಇರುವ ತೊಂದರೆ ಎಡಿಟಿಂಗ್ ಮುಗಿದು ಫೈಲ್ ಮನೆಯಿಂದ ಹೊರಡುವಾಗ ಶುರುವಾಗುತ್ತದೆ. ಬೆಂಗಳೂರಿನಲ್ಲಿ ‘ಥರ್ಟಿ ಫಾರ್ಟಿ ಸೈಟು’ ಅಂದರೆ ಅಡಿಯೋ ಮೀಟರೋ ಅಂತ ಯಾರೂ ಕೇಳುವುದಿಲ್ಲ, ಅಡಿ ಅಂತ ಎಲ್ಲರಿಗೂ ಗೊತ್ತು. ಫೋಟೊದಲ್ಲೂ ಇರುವುದು 0ಯಿಂದ 255ರವರೆಗಿನ ಅಂಕಿಗಳೇ. ಅವು ಅಡಿಯೋ ಮೀಟರೋ ಅಂತ ಹೇಳುವ ಚೀಟಿಯೇ ಕಲರ್ ಪ್ರೊಫೈಲ್. ಎಚ್‌ಪಿ ಮತ್ತು ಮೈಕ್ರೊಸಾಫ್ಟ್ 1996ರಲ್ಲಿ ರೂಪಿಸಿದ ಎಸ್‌ಆರ್‌ಜಿಬಿ ನಮ್ಮ ‘ಅಡಿ’. ಚೀಟಿ ಇಲ್ಲದಿದ್ದರೆ, ಅಥವಾ ಚೀಟಿ ಓದುವ ಅಭ್ಯಾಸವೇ ಇಲ್ಲದ ಯಂತ್ರವಾದರೆ, ಎಲ್ಲವನ್ನೂ ಎಸ್‌ಆರ್‌ಜಿಬಿ ಅಂತಲೇ ಓದಲಾಗುತ್ತದೆ. ಅದಕ್ಕಿಂತ ದೊಡ್ಡ ಅಳತೆ 1998ರ ಅಡೋಬ್ ಆರ್‌ಜಿಬಿ. ಇನ್ನೂ ದೊಡ್ಡದು ಕೊಡಾಕ್‌ನ ಪ್ರೊಫೋಟೊ ಆರ್‌ಜಿಬಿ. ಅದು ಎಷ್ಟು ದೊಡ್ಡದೆಂದರೆ, ಅದರ ಕೆಲವು ಅಂಕಿಗಳು ಸೂಚಿಸುವ ಬಣ್ಣ ಮನುಷ್ಯರ ಕಣ್ಣಿಗೇ ಕಾಣುವುದಿಲ್ಲ.

ಬಸವೇಶ್ವರನಗರದ ಒಂದು ಮನೆಯ ಮದುವೆ ಆಲ್ಬಮ್‌ನಲ್ಲಿ ನಡೆದದ್ದು ಇದೇ. ಹುಡುಗಿಯ ತಾಯಿ ಬೀರುವಿನಿಂದ ಧಾರೆ ಸೀರೆ ತೆಗೆದು ಆಲ್ಬಮ್ ಪಕ್ಕದಲ್ಲಿ ಹರಡಿದರಂತೆ. ಕುಂಕುಮ ಕೆಂಪಿನ ರೇಷ್ಮೆ, ಗಿಳಿ ಹಸಿರಿನ ಅಂಚು. ರಿಸೆಪ್ಷನ್, ಅರಿಶಿನ ಶಾಸ್ತ್ರ, ಗ್ರೂಪ್ ಫೋಟೊ ಎಲ್ಲ ಸರಿಯಾಗಿದ್ದವು. ಧಾರೆ, ಮಾಂಗಲ್ಯ, ಸಪ್ತಪದಿಯ ಮೂರು ಶೀಟ್‌ಗಳಲ್ಲಿ ಮಾತ್ರ ಸೀರೆ ಇಟ್ಟಿಗೆ ಬಣ್ಣ, ಮುಖಗಳಿಗೆ ಬೂದಿ ಬಳಿದ ಹಾಗೆ. ಸ್ಟುಡಿಯೊ ಮಾಲೀಕರು ನನಗೆ ಫೋನ್ ಮಾಡಿದರು. ‘ನೋಡಮ್ಮ, ಮುಖ್ಯವಾದ ಶೀಟೇ ಡಲ್ ಹೊಡೀತಿದೆ. ರೀಪ್ರಿಂಟ್ ದುಡ್ಡು ನಿನ್ನ ಬಿಲ್ಲಲ್ಲಿ ಹಿಡ್ಕೊಳ್ತೀನಿ.’

‘ಅಣ್ಣ, ಒಂದ್ಸಲ ಫೈಲ್ ನೋಡೋಣ. ಆಮೇಲೆ ಹಿಡ್ಕೊಳ್ಳಿ’ ಅಂದು ಹೋದೆ.

ಅವರ ಕಂಪ್ಯೂಟರಿನಲ್ಲಿ ಆ ಮೂರೂ ಶೀಟ್‌ಗಳ ಫೋಟೊಗಳು ಚಂದವಾಗಿಯೇ ಇದ್ದವು. ಫೋನ್‌ನಲ್ಲೂ ಚಂದ. ತಪ್ಪು ಲ್ಯಾಬ್‌ನದೇ ಅಂತ ಮಾಲೀಕರು ಅಷ್ಟರಲ್ಲಿ ಆ ಕಡೆ ತಿರುಗಿದ್ದರು. ನಾನು ಫೋಟೊಶಾಪ್‌ನ ಕೆಳಗಿನ ಪಟ್ಟಿಯಲ್ಲಿ ಡಾಕ್ಯುಮೆಂಟ್ ಪ್ರೊಫೈಲ್ ನೋಡಿದೆ. ನಾನು ಕೊಟ್ಟಿದ್ದ ಫೋಟೊಗಳೆಲ್ಲ ಎಸ್‌ಆರ್‌ಜಿಬಿ. ಈ ಮೂರು ಶೀಟ್‌ನವು ಮಾತ್ರ ಪ್ರೊಫೋಟೊ. ಮುಖ್ಯ ಫೋಟೊಗಳೆಂದು ಅವರ ರೀಟಚ್ ಹುಡುಗ ಅವನ್ನು ಲೈಟ್‌ರೂಮ್‌ನಿಂದ ಮತ್ತೆ ಫೋಟೊಶಾಪ್‌ಗೆ ಕಳಿಸಿ, ಚರ್ಮ ನಯ ಮಾಡಿ, ಜೆಪೆಗ್ ಆಗಿ ಉಳಿಸಿದ್ದ. ಹಾಗೆ ಕಳಿಸುವಾಗ ಡಿಫಾಲ್ಟ್ ಆಗಿ ಹೋಗುವುದೇ ಪ್ರೊಫೋಟೊ. ಎಲ್ಲಕ್ಕಿಂತ ಹೆಚ್ಚು ಆರೈಕೆ ಪಡೆದ ಫೋಟೊಗಳೇ ಎಲ್ಲಕ್ಕಿಂತ ಕೆಟ್ಟದಾಗಿ ಪ್ರಿಂಟ್ ಆಗಿದ್ದು ಹೀಗೆ. ಫೋಟೊಶಾಪ್ ಚೀಟಿ ಓದುತ್ತದೆ, ಫೋನೂ ಓದಿತ್ತು. ಲ್ಯಾಬ್‌ನ ಯಂತ್ರ ಓದಲಿಲ್ಲ. ಲ್ಯಾಬ್‌ನ ರೇಟ್ ಕಾರ್ಡ್‌ನ ತುದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಎಸ್‌ಆರ್‌ಜಿಬಿ ಮಾತ್ರ’ ಅಂತ ಇತ್ತು.

ಲೆಕ್ಕ ನೋಡಿದರೆ ಮಜಾ ಇದೆ. ಎಸ್‌ಆರ್‌ಜಿಬಿಯ ಅಪ್ಪಟ ಕೆಂಪು 255, 0, 0. ಅದೇ ಕೆಂಪನ್ನು ಪ್ರೊಫೋಟೊದಲ್ಲಿ ಬರೆದರೆ ಸುಮಾರು 179, 70, 26. ಈ ಅಂಕಿಗಳನ್ನು ಎಸ್‌ಆರ್‌ಜಿಬಿ ಅಂತ ಓದಿದರೆ ಬರುವುದು ಇಟ್ಟಿಗೆಯ ಬಣ್ಣವೇ. ಮಾಲೀಕರಿಗೆ ಅಂಕಿ ಹೇಳಿ ಪ್ರಯೋಜನವಿರಲಿಲ್ಲ. ‘ಅಸೈನ್ ಪ್ರೊಫೈಲ್’ಗೆ ಹೋಗಿ ಎಸ್‌ಆರ್‌ಜಿಬಿ ಒತ್ತಿದೆ. ಆಲ್ಬಮ್‌ನಲ್ಲಿದ್ದ ಅದೇ ಬೂದಿ ಮುಖಗಳು ಸ್ಕ್ರೀನ್ ಮೇಲೆ ಬಂದವು. ಅಂಡೂ ಕೊಟ್ಟು, ‘ಕನ್‌ವರ್ಟ್ ಟು ಪ್ರೊಫೈಲ್’ನಲ್ಲಿ ಅದನ್ನೇ ಮಾಡಿದೆ. ಬಣ್ಣ ಕದಲಲಿಲ್ಲ. ಅಸೈನ್ ಅಂದರೆ 30 ಅಡಿಯನ್ನು 30 ಮೀಟರ್ ಅಂತ ಬರೆಯುವುದು. ಕನ್‌ವರ್ಟ್ ಅಂದರೆ 30 ಅಡಿಯನ್ನು ಲೆಕ್ಕ ಹಾಕಿ 9.14 ಮೀಟರ್ ಅಂತ ಬರೆಯುವುದು. ಈ ಎರಡು ಮೆನುಗಳ ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಕಲಿತ ಹಾಗೆ.

ಆಲ್ಬಮ್ ಬಿಚ್ಚಿ, ಮೂರು ಶೀಟ್ ಮತ್ತೆ ಹಾಕಿಸಿ ಬೈಂಡ್ ಮಾಡಿಸಿದರು. ನನ್ನ ಬಿಲ್ ಉಳಿಯಿತು. ರೀಟಚ್ ಹುಡುಗನ ಸಂಬಳದಲ್ಲಿ ಹಿಡಿದರೆಂದು ಆಮೇಲೆ ಗೊತ್ತಾಯಿತು. ಅದು ಸರಿ ಅನ್ನಿಸಲಿಲ್ಲ, ಹೇಳಿಯೂ ಹೇಳಿದೆ. ಸಾಫ್ಟ್‌ವೇರ್‌ನ ಡಿಫಾಲ್ಟ್, ಲ್ಯಾಬ್‌ನ ಸಣ್ಣಕ್ಷರ, ಯಾರೂ ಹೇಳಿಕೊಡದ ಪಾಠ, ಮೂರೂ ಸೇರಿದಾಗ ದಂಡ ಕಟ್ಟುವವನು ಮಾತ್ರ ಅತಿ ಕಡಿಮೆ ಸಂಬಳದವನು.

ಹಾಗಂತ ಪ್ರೊಫೋಟೊ ಶನಿ ಅಂತ ತಿಳಿಯಬೇಡಿ. ಮಂಟಪದ ಚೆಂಡುಹೂ ಮಾಲೆಯ ಕಿತ್ತಳೆ, ಸ್ಟೇಜಿನ ನೀಲಿ ಎಲ್‌ಇಡಿ ಬೆಳಕು ಎಸ್‌ಆರ್‌ಜಿಬಿಯೊಳಗೆ ಹಿಡಿಸದೇ ಹೋಗಬಹುದು. ಮೊದಲೇ ಚಿಕ್ಕ ಅಳತೆಗೆ ಇಳಿಸಿದರೆ ಹೂವಿನ ಎಸಳೆಲ್ಲ ಕರಗಿ ಒಂದೇ ಕಿತ್ತಳೆ ಮುದ್ದೆ. ಕೆಲಸ ದೊಡ್ಡದರಲ್ಲಿ ನಡೆಯಲಿ, ಇಳಿಸುವುದು ಕೊನೆಯಲ್ಲಿರಲಿ. ಲೈಟ್‌ರೂಮ್‌ನ ಡೆವಲಪ್ ವಿಭಾಗದಲ್ಲಿ ‘ಎಸ್’ ಕೀ ಒತ್ತಿದರೆ ಸಾಫ್ಟ್ ಪ್ರೂಫಿಂಗ್ ಬರುತ್ತದೆ. ಎಸ್‌ಆರ್‌ಜಿಬಿಗೆ ಇಳಿಸಿದಾಗ ಯಾವ ಬಣ್ಣ ಹೊರಗುಳಿಯುತ್ತದೆ ಅಂತ ಮುಂಚೆಯೇ ನೋಡಬಹುದು. ಚಂದಾ ಕಟ್ಟಲು ಕಾಸಿಲ್ಲದವರಿಗೆ ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ. ಅವುಗಳಲ್ಲೂ ಎಕ್ಸ್‌ಪೋರ್ಟ್ ಮಾಡುವಾಗ ಪ್ರೊಫೈಲ್ ಆರಿಸುವ ಜಾಗವಿದೆ.

ಇನ್ನೊಂದು ಗುಟ್ಟು. ಕ್ಯಾನನ್, ನಿಕಾನ್‌ಗಳಲ್ಲಿ ಫೈಲ್ ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾಗಿದ್ದರೆ ಕ್ಯಾಮೆರಾ ಅಡೋಬ್ ಆರ್‌ಜಿಬಿಯಲ್ಲಿತ್ತು ಅಂತ ಅರ್ಥ. ರಾ ಫೈಲ್‌ಗೆ ಆ ಸೆಟ್ಟಿಂಗ್ ತಾಗುವುದಿಲ್ಲ. ಜೆಪೆಗ್ ತೆಗೆದುಕೊಳ್ಳುವಾಗ ಹುಷಾರು.

ಲ್ಯಾಪ್‌ಟಾಪ್ ಕೊಳ್ಳುವವರಿಗೂ ಒಂದು ಮಾತು. ವಿವರದಲ್ಲಿ ‘45% ಎನ್‌ಟಿಎಸ್‌ಸಿ’ ಅಂತ ಇದ್ದರೆ ಆ ಸ್ಕ್ರೀನ್ ಎಸ್‌ಆರ್‌ಜಿಬಿಯನ್ನೇ ಪೂರ್ತಿ ತೋರಿಸಲಾರದು, ಮೂರನೇ ಒಂದು ಭಾಗ ಹತ್ತಿರ ಹತ್ತಿರ ಹೊರಗೇ ಉಳಿಯುತ್ತದೆ. ಅದರಲ್ಲಿ ನೋಡಿ ಕೆಂಪು ಸಾಲದೆಂದು ಏರಿಸಿದರೆ ಪ್ರಿಂಟ್‌ನಲ್ಲಿ ಸೀರೆ ಕಣ್ಣು ಕುಕ್ಕುತ್ತದೆ. ‘100% ಎಸ್‌ಆರ್‌ಜಿಬಿ’ ಇರುವುದನ್ನು ಹುಡುಕಿ, ಪ್ರೊಸೆಸರ್ ಒಂದು ಮೆಟ್ಟಿಲು ಕಡಿಮೆಯಾದರೂ ಚಿಂತೆಯಿಲ್ಲ.

ಒಳ್ಳೆಯ ಸ್ಕ್ರೀನ್ ಇದ್ದರೂ ಅದರ ಬಣ್ಣ ವರ್ಷಗಳಲ್ಲಿ ಜಾರುತ್ತದೆ. ಅದನ್ನು ಅಳೆದು ಮಾನಿಟರ್‌ಗೇ ಒಂದು ಪ್ರೊಫೈಲ್ ಬರೆದುಕೊಡುವ ಕಲರಿಮೀಟರ್ ನಮ್ಮಂಥವರಿಗೆ ದುಬಾರಿ. ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ನಾವು ನಾಲ್ವರು ಸೇರಿ ಒಂದು ಕೊಂಡಿದ್ದೇವೆ. ತಿಂಗಳಿಗೆ ಒಂದು ದಿನ ಒಬ್ಬೊಬ್ಬರ ಮನೆಗೆ ಹೋಗುತ್ತದೆ. ಮೆಟ್ರೊ ನೇರಳೆ ಮಾರ್ಗದ ಯಾವುದಾದರೂ ನಿಲ್ದಾಣದಲ್ಲಿ ಕೈ ಬದಲಾಗುತ್ತದೆ. ಆ ರೀಟಚ್ ಹುಡುಗನೂ ಈಗ ನಮ್ಮ ಪಟ್ಟಿಯಲ್ಲಿದ್ದಾನೆ, ಅವನ ಸರದಿ ಮುಂದಿನ ಭಾನುವಾರ.